ಹದಿನೈದು ದಿನ ಸಟ್ಸುಮಾ ಮುಟ್ಟಲಿಲ್ಲ: ಮೈ ಸಮ್ಮರ್ ಕಾರ್ ಪರ್ಮಾಡೆತ್‌ನಲ್ಲಿ ನಂಬರ್ ಪ್ಲೇಟ್ ತಗೊಂಡ ನನ್ನ ಅನುಭವ

ಮೈ ಸಮ್ಮರ್ ಕಾರ್ ಅನ್ನೋದು ಫಿನ್ಲೆಂಡಿನ ಹಳ್ಳಿಯಲ್ಲಿ ಸಟ್ಸುಮಾ ಅನ್ನೋ ಹಳೇ ಕಾರನ್ನು ಬಿಡಿಭಾಗಗಳಿಂದ ಕಟ್ಟಿ ಓಡಿಸುವ ಕಂಪ್ಯೂಟರ್ ಆಟ. ಅದರಲ್ಲಿ ಕೊನೆಗೂ ನನ್ನ ಸಟ್ಸುಮಾ ನಂಬರ್ ಪ್ಲೇಟಿಗೆ ಬೇಕಾದ ತಪಾಸಣೆ ಪಾಸಾಯಿತು. ಪರ್ಮಾಡೆತ್ ಆನ್ ಇತ್ತು, ಅಂದರೆ ಒಂದು ಸಲ ಸತ್ತರೆ ಅಲ್ಲಿಯವರೆಗಿನ ಆಟವೆಲ್ಲ ಹೋಗುತ್ತದೆ. ಮಾಡ್ (ಆಟವನ್ನು ಬದಲಿಸಲು ಬೇರೆಯವರು ಮಾಡಿದ ಫೈಲ್) ಒಂದೂ ಹಾಕಿರಲಿಲ್ಲ. ಗಾಳಿ-ಪೆಟ್ರೋಲ್ ಅಳತೆ ತೋರಿಸುವ ಮೀಟರ್ ಕೂಡ ಇರಲಿಲ್ಲ, ಟ್ಯೂನಿಂಗ್ ಪೂರ್ತಿ ಕಿವಿಯ ಮೇಲೆ ಮಾಡಿದ್ದು. ಇದು ನನ್ನ ಏಳನೇ ಸೇವ್, ಅಂದರೆ ಏಳನೇ ಸಲ ಮೊದಲಿನಿಂದ ಶುರು ಮಾಡಿದ ಆಟ. ನಮ್ಮ ಗುಂಪಿನಲ್ಲಿ ಒಂಬತ್ತು ಜನ ಈ ಆಟ ಆಡುತ್ತೇವೆ, ಪರ್ಮಾಡೆತ್‌ನಲ್ಲಿ ಪ್ಲೇಟ್ ತನಕ ಬಂದವನು ಸದ್ಯಕ್ಕೆ ನಾನೊಬ್ಬನೇ. ಅದಕ್ಕೇ ಬರೆಯಲು ಕೂತಿದ್ದೇನೆ.

ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು. ಮೊದಲು ಕಾರು ಕಟ್ಟು, ದುಡ್ಡು ಆಮೇಲೆ ನೋಡ್ಕೋ ಅಂತ. ನಾನು ಉಲ್ಟಾ ಹೋದೆ. ಆಟದ ಲೆಕ್ಕದಲ್ಲಿ ಹದಿನೈದು ದಿನ, ಒಂದೆರಡು ದಿನ ಹೆಚ್ಚು ಕಡಿಮೆ ಇರಬಹುದು, ಗ್ಯಾರೇಜ್ ಬಾಗಿಲು ತೆರೆದಿದ್ದು ಪಾನ (ಸ್ಪ್ಯಾನರ್) ಇಡುವ ಡಬ್ಬ ಎಲ್ಲಿದೆ ಅಂತ ನೋಡೋದಕ್ಕೆ ಮಾತ್ರ. "ಟ್ಯಾಂಕರ್ ಓಡಿಸ್ತಾ ಕೂತ್ರೆ ಕಾರು ಯಾವ ಜನ್ಮಕ್ಕೆ ಕಟ್ತೀಯ ಗುರು?" ಅಂತ ಗುಂಪಿನ ಒಬ್ಬ ದಿನಾ ಕೇಳುತ್ತಿದ್ದ. ಟ್ಯಾಂಕರ್ ಅಂದರೆ ಆಟದಲ್ಲಿ ಮನೆಗಳ ಮಲದ ಗುಂಡಿ ಖಾಲಿ ಮಾಡಿ ದುಡ್ಡು ಗಳಿಸುವ ಲಾರಿ. ನನಗೆ ಬೇಜಾರಾಗುತ್ತಿತ್ತು, ಆದರೆ ದಾರಿ ಬಿಡಲಿಲ್ಲ. ಯಾಕೆಂದರೆ ಹಿಂದಿನ ಆರು ಸಾವಿನಲ್ಲಿ ನಾಲ್ಕು ಆಗಿದ್ದು ಕೈಯಲ್ಲಿ ಕಾಸಿಲ್ಲದೆ ಆತುರ ಬಿದ್ದಾಗ.

ಆ ಸಾವುಗಳನ್ನು ಹೇಳಿಬಿಡುತ್ತೇನೆ. ಮೊದಲನೆಯದು ರೈಲು. ಸಂಜೆ ಟೈಮೋ ಅಂಗಡಿ ಮುಚ್ಚುವ ಮೊದಲು ಆಯಿಲ್ ಫಿಲ್ಟರ್ ತರಬೇಕು ಅಂತ ವ್ಯಾನ್‌ನಲ್ಲಿ ಓಡಿದೆ, ಹಳಿ ದಾಟುವಾಗ ಆಚೀಚೆ ನೋಡಲಿಲ್ಲ. ಎರಡನೆಯದು ಮೊಪೆಡ್ ಮೇಲೆ, ಹೆಲ್ಮೆಟ್ ಇಲ್ಲದೆ. ಮಣ್ಣಿನ ರಸ್ತೆಯಲ್ಲಿ ಹುಚ್ಚು ಹಿಡಿದ ಹಾಗೆ ಓಡಿಸುತ್ತಾನಲ್ಲ ಆಟದ ಆ ಫಿಟ್ಟಾನ್ ಕಾರಿನವನು, ತಿರುವಿನಲ್ಲಿ ಎದುರಿಗೇ ಬಂದ. ಮೂರನೆಯದೂ ಅವನೇ, ಈ ಸಲ ನಾನು ವ್ಯಾನ್‌ನಲ್ಲಿದ್ದೆ, ಬೆಲ್ಟ್ ಹಾಕಿರಲಿಲ್ಲ. ನಾಲ್ಕನೆಯದು ಒತ್ತಡದಿಂದ. ಎಂಜಿನ್ ಹತ್ತುತ್ತಿಲ್ಲ ಅಂತ ರಾತ್ರಿಯಿಡೀ ಬೋಲ್ಟ್ ತಿರುಗಿಸುತ್ತಾ ಕೂತೆ, ಪರದೆಯ ಎಡಗಡೆ ಒತ್ತಡ ತೋರಿಸುವ ಕೆಂಪು ಪಟ್ಟಿಯ ಕಡೆ ಗಮನ ಕೊಡಲೇ ಇಲ್ಲ. ಐದು, ಆರು ಎರಡೂ ಟ್ಯಾಂಕರ್ ಹತೋಟಿ ತಪ್ಪಿ ಆದದ್ದು. ಪ್ರತಿ ಸಲವೂ ಪೇಪರಿನ ತುಣುಕಿನಲ್ಲಿ ಸಾವಿನ ಸುದ್ದಿ ಬರುತ್ತದೆ, ಅಲ್ಲಿಗೆ ಸೇವ್ ಹೋಯಿತು. ಆರನೆಯ ಸಲ ಎಂಜಿನ್ ಆಗಲೇ ಗಾಡಿಯೊಳಗೆ ಕೂತಿತ್ತು. ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದವನು ಮೂರು ವಾರ ಮತ್ತೆ ಆಟದ ತಂಟೆಗೆ ಹೋಗಲಿಲ್ಲ.

ಏಳನೇ ಸಲ ಶುರು ಮಾಡುವ ಮೊದಲೇ ಒಂದು ನಿಯಮ ಹಾಕಿಕೊಂಡೆ. ಕೈಯಲ್ಲಿ ಹದಿನೈದು ಸಾವಿರ ಮಾರ್ಕ್ (ಆಟದ ದುಡ್ಡು) ಆಗುವ ತನಕ ಸಟ್ಸುಮಾಗೆ ಒಂದು ಬೋಲ್ಟ್ ಕೂಡ ಹಾಕಬಾರದು. ಶುರುವಿನಲ್ಲಿ ಕೈಯಲ್ಲಿರುವುದು ಸುಮಾರು ಮೂರು ಸಾವಿರ ಅಲ್ವಾ, ಅದನ್ನು ನಾನು ಬ್ಯಾಟರಿಗೆ, ಪ್ಲಗ್‌ಗೆ ಹಾಕಲಿಲ್ಲ. ಸಾಸೇಜ್, ಹಾಲು, ಸೊಳ್ಳೆ ಸ್ಪ್ರೇ, ವ್ಯಾನ್‌ಗೆ ಡೀಸೆಲ್, ಇಷ್ಟಕ್ಕೇ ಇಟ್ಟೆ. ಭಾನುವಾರ ಟೈಮೋ ಅಂಗಡಿ ತೆರೆಯುವುದಿಲ್ಲ, ಹಾಗಾಗಿ ಶನಿವಾರ ಬೆಳಿಗ್ಗೆಯೇ ಎರಡು ದಿನದ ಊಟ ಫ್ರಿಜ್‌ಗೆ ಬರುವ ಹಾಗೆ ನೋಡಿಕೊಂಡೆ. ಇದು ಸಣ್ಣ ವಿಷಯ ಅನ್ನಿಸಬಹುದು. ಹೊಟ್ಟೆ ತುಂಬಿದ್ದಾಗ ರಸ್ತೆಯಲ್ಲಿ ನಲವತ್ತರ ಮೇಲೆ ಹೋಗೋ ಮನಸ್ಸೇ ಬರುವುದಿಲ್ಲ, ಮಾಡಿ ನೋಡಿ.

ದುಡ್ಡು ಬಂದದ್ದು ಮುಖ್ಯವಾಗಿ ಗುಂಡಿ ಖಾಲಿ ಮಾಡುವ ಕೆಲಸದಿಂದ. ಟ್ಯಾಂಕರ್ ಕೈಗೆ ಬಂದ ಮೇಲೆ ಫೋನ್ ಹತ್ತಿರವೇ ಮಲಗಿ ಏಳುವುದು ರೂಢಿ ಮಾಡಿಕೊಂಡೆ. ಒಂದು ಮನೆಗೆ ಸಾವಿರದ ಮೇಲೆ ಸಿಗುತ್ತದೆ, ಗುಂಡಿ ತುಂಬಿದಷ್ಟೂ ಜಾಸ್ತಿ. ಮೊದಲ ಸುತ್ತಿನಲ್ಲಿ ನಾಲ್ಕು ಮನೆ ಮಾಡಿದೆ, ಐದು ಸಾವಿರದ ಹತ್ತಿರ ಬಂತು ಅಂತ ನೆನಪು. ಆದರೆ ಎಲ್ಲರೂ ಮಾಡುವ ಹಾಗೆ ನಾಲ್ಕೂ ಮನೆ ಮುಗಿಸಿ ಆಮೇಲೆ ಸುರಿಯಲು ಹೋಗಲಿಲ್ಲ. ಎರಡು ಮನೆ ಆದ ತಕ್ಷಣ ಖಾಲಿ ಮಾಡಿ ಬಂದೆ. ಡೀಸೆಲ್ ಜಾಸ್ತಿ ಸುಟ್ಟಿತು, ನಿಜ. ಆದರೆ ನನ್ನ ಐದನೇ, ಆರನೇ ಸೇವ್ ಮುಳುಗಿದ್ದು ತುಂಬಿದ ಟ್ಯಾಂಕ್ ತಿರುವಿನಲ್ಲಿ ಮಗುಚಿಕೊಂಡು. ತುಂಬಿದ ಗಾಡಿಯ ತೂಕ ಮೇಲಕ್ಕೆ ಇರುತ್ತದೆ, ಸ್ಟೀರಿಂಗ್ ಸ್ವಲ್ಪ ಜೋರಾಗಿ ಎಳೆದರೆ ಮುಗಿಯಿತು. ಇನ್ನೊಂದು, ಎಂಜಿನ್ ಹಾಕಿದ ತಕ್ಷಣ ಆ ಗಾಡಿ ಕದಲುವುದಿಲ್ಲ, ಬ್ರೇಕಿಗೆ ಗಾಳಿ ತುಂಬಬೇಕು. ಮೊದಲೆಲ್ಲ ನಾನು ಸಿಟ್ಟಿನಿಂದ ಗೇರ್ ಕಿತ್ತಾಡುತ್ತಿದ್ದೆ. ಈಗ ಆ ಹೊತ್ತಿನಲ್ಲಿ ಒಂದು ಸಾಸೇಜ್ ತಿಂದು ಮುಗಿಸುತ್ತೇನೆ.

ಸೌದೆ ಕೆಲಸವನ್ನೂ ಒಂದು ಸಲ ಪೂರ್ತಿ ಮಾಡಿದೆ. ಟ್ರ್ಯಾಕ್ಟರ್ ಟ್ರೇಲರ್ ತುಂಬಾ ಒಡೆದು ಹಾಕಿದೆ. ದುಡ್ಡು ಒಳ್ಳೆಯದೇ. ಆದರೆ ಕೊಡಲಿ ಬೀಸಿ ಬೀಸಿ ಬಾಯಾರಿಕೆ, ಆಯಾಸ, ಕೊಳೆ ಮೂರೂ ಒಟ್ಟಿಗೆ ಏರುತ್ತವೆ, ಜೊತೆಗೆ ನನ್ನ ನಿಜವಾದ ಮಣಿಕಟ್ಟೂ ಎರಡು ದಿನ ನೋಯಿತು. ಎರಡನೇ ಲೋಡ್ ಹೊಡೆಯಲಿಲ್ಲ.

ನಡುವೆ ಕಿಲ್ಯು, ಅಂದರೆ ಮನೆಯಲ್ಲೇ ಹುಳಿ ಬರಿಸುವ ಫಿನ್ಲೆಂಡಿನ ಹೆಂಡದ ಪ್ರಯೋಗ. ಇದು ಬೇಕಾಗಿರಲಿಲ್ಲ, ಆದರೆ ನನಗೆ ಇಂಥ ಅಳತೆ ಹಾಕುವ ಚಟ ಇದೆ. ಬಕೆಟ್‌ಗೆ ಸಕ್ಕರೆ, ಯೀಸ್ಟ್, ನೀರು ಹಾಕಿ ಮುಚ್ಚಳ ಹಾಕಿದೆ. ಮೊದಲ ಬಕೆಟ್ ಬೇಗ ತೆಗೆದೆ, ಬರೀ ಸಿಹಿ ನೀರು, ಆಟದಲ್ಲಿ ಅದನ್ನು ಕೊಳ್ಳುವ ಕುಡುಕ ಮುಟ್ಟಲಿಲ್ಲ. ಎರಡನೆಯದನ್ನು ಮರೆತು ಬಿಟ್ಟೆ, ವಿನೆಗರ್ ಆಯಿತು. ಮೂರನೇ ಸಲ ಪುಸ್ತಕದಲ್ಲಿ ದಿನ, ಗಂಟೆ ಬರೆದಿಟ್ಟು ತೆಗೆದೆ. ಜ್ಯೂಸ್ ಬಾಟಲಿಗಳಿಗೆ ತುಂಬಿ ಕೊಟ್ಟಾಗ ಹಿಂದಿನ ಎರಡು ಬಕೆಟ್‌ನ ನಷ್ಟವೂ ವಾಪಸ್ ಬಂತು. ಎಷ್ಟು ಗಂಟೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಾನು ಸಾಕಷ್ಟು ಸಕ್ಕರೆ ಕಳೆದಿದ್ದೇನೆ.

ಹೀಗೆ ಹದಿನಾರು ಸಾವಿರದ ಆಸುಪಾಸು ಸೇರಿತು. ಸೋಮವಾರ ಬೆಳಿಗ್ಗೆ ಒಂದೇ ಸಲ ಹೋಗಿ ಬ್ಯಾಟರಿ, ಸ್ಪಾರ್ಕ್ ಪ್ಲಗ್, ಫ್ಯಾನ್ ಬೆಲ್ಟ್, ಆಯಿಲ್ ಫಿಲ್ಟರ್, ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲಾ ತಂದೆ. ಒಂದೇ ಟ್ರಿಪ್. ಹಳೇ ಸೇವ್‌ಗಳಲ್ಲಿ ಇಷ್ಟಕ್ಕೇ ಐದಾರು ಸಲ ಓಡಾಡುತ್ತಿದ್ದೆ. ಪ್ರತಿ ಓಡಾಟದಲ್ಲೂ ಆ ಫಿಟ್ಟಾನ್ ಎದುರಿಗೆ ಬರುವ ಸಂಭವ ಇದ್ದೇ ಇರುತ್ತದೆ. ನನ್ನ ವಿಧಾನದ ಗುಟ್ಟು ಇಷ್ಟೇ. ಈ ಆಟದಲ್ಲಿ ಕೊಲ್ಲುವುದು ಗ್ಯಾರೇಜ್ ಅಲ್ಲ, ರಸ್ತೆ.

ಕಟ್ಟುವಾಗ ಇನ್ನೊಂದು ಪದ್ಧತಿ ಮಾಡಿದೆ. ಹಳೇ ನೂರು ಪುಟದ ನೋಟ್‌ಬುಕ್ ತಗೊಂಡು ಒಂದೊಂದು ಭಾಗಕ್ಕೂ ಒಂದೊಂದು ಸಾಲು. ಬ್ಲಾಕ್, ಕ್ರ್ಯಾಂಕ್, ಬೇರಿಂಗ್ ಕ್ಯಾಪ್ ಮೂರು, ಪಿಸ್ಟನ್ ನಾಲ್ಕು, ಕ್ಯಾಮ್, ಚೈನ್, ಹೆಡ್ ಗ್ಯಾಸ್ಕೆಟ್, ಹೆಡ್. ಕೂರಿಸಿದಾಗ ಒಂದು ಗೀಟು, ಬೋಲ್ಟ್ ಬಿಗಿ ಮಾಡಿದಾಗ ಇನ್ನೊಂದು, ಮಾರನೇ ದಿನ ಮತ್ತೆ ಪಾನ ಹಾಕಿ ನೋಡಿದಾಗ ಮೂರನೆಯದು. ಮೂರು ಗೀಟು ಬೀಳದೆ ಎಂಜಿನ್ ಎತ್ತುವ ಹಾಯ್ಸ್ಟ್ ಹತ್ತಿರವೂ ಹೋಗಲಿಲ್ಲ. ಎಂಜಿನ್ ಕಟ್ಟಲಿಕ್ಕೇ ನಾಲ್ಕು ಸಂಜೆ ಹಿಡಿಯಿತು. ನಿಧಾನ ಅಂತ ಗೊತ್ತು. ಆದರೆ ಮೂರನೇ ಗೀಟು ಹಾಕುವಾಗ ಸಡಿಲ ಬೋಲ್ಟ್ ಐದು ಸಿಕ್ಕವು, ಅದರಲ್ಲಿ ಒಂದು ಆಯಿಲ್ ಪ್ಯಾನ್‌ನ ಡ್ರೈನ್ ಪ್ಲಗ್. ನಾಲ್ಕನೇ ಸೇವ್‌ನಲ್ಲಿ ಇದೇ ಪ್ಲಗ್ ಬಿಗಿ ಮಾಡದೆ ಆಯಿಲ್ ಎಲ್ಲಾ ನೆಲಕ್ಕೆ ಇಳಿದಿತ್ತು. ಅವತ್ತು ಎಂಜಿನ್ ಹತ್ತಿದ ಖುಷಿಯಲ್ಲಿ ಆಕ್ಸಿಲರೇಟರ್ ತುಳಿದೆ, ಒಳಗಿನದೆಲ್ಲ ಹಾಳಾಯಿತು. ಆಟದ ಮೆಕ್ಯಾನಿಕ್ ಫ್ಲೀಟಾರಿ ಹತ್ತಿರ ರಿಪೇರಿಗೆ ಕೊಡಲು ಕೈಯಲ್ಲಿ ಇದ್ದದ್ದು ಬರೀ 200 ಮಾರ್ಕ್.

ಪ್ರತಿ ಹಂತ ಮುಗಿದ ಮೇಲೆ ಸೌನಾ (ಬಿಸಿ ಹಬೆಯ ಸ್ನಾನ), ಆಮೇಲೆ ಟಾಯ್ಲೆಟ್‌ಗೆ ಹೋಗಿ ಸೇವ್. ಈ ಕ್ರಮ ಒಂದು ದಿನವೂ ತಪ್ಪಿಸಲಿಲ್ಲ. ಕಟ್ಟಿಗೆ ಒಲೆ ಇಲ್ಲದ ಮನೆಯ ಸೌನಾದಲ್ಲೂ ಒತ್ತಡ ಇಳಿಯುತ್ತದೆ, ಸಿಗರೇಟಿನ ಖರ್ಚು ಉಳಿಯುತ್ತದೆ.

ಈಗ ಟ್ಯೂನಿಂಗ್. ಮೀಟರ್ ಇಲ್ಲದೆ ಆಗೋದಿಲ್ಲ ಅಂತ ಗುಂಪಿನಲ್ಲಿ ದೊಡ್ಡ ವಾದವೇ ಆಗಿತ್ತು. ನನಗೆ ಧೈರ್ಯ ಬಂದದ್ದು ನಮ್ಮ ಮಾವನಿಂದ. ಅವರು ಭದ್ರಾವತಿಯಲ್ಲಿ ಇಪ್ಪತ್ತು ವರ್ಷದ ಮೇಲೆ ಗ್ಯಾರೇಜ್ ನಡೆಸಿದವರು, ಕಾರ್ಬೋರೇಟರ್ ಕಾಲದ ಮಾರುತಿ 800 ಬಂದರೆ ಇವತ್ತಿಗೂ ಅವರನ್ನೇ ಕರೆಯುತ್ತಾರೆ. ಹಬ್ಬಕ್ಕೆ ಮನೆಗೆ ಬಂದಿದ್ದರು. ನಾನು ಕೋಣೆಯಲ್ಲಿ ಆಡುತ್ತಿದ್ದೆ, ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಐಡ್ಲಿಂಗ್ ಸದ್ದು ಬರುತ್ತಿತ್ತು. ಹಜಾರದಿಂದಲೇ ಕೂಗಿದರು, "ಯಾವ ಗಾಡಿನೋ ಅದು? ಟ್ಯಾಪೆಟ್ ಸಡಿಲ ಇದೆ ನೋಡು." ಟ್ಯಾಪೆಟ್ ಅಂದರೆ ಎಂಜಿನ್ ಕವಾಟಗಳನ್ನು (ವಾಲ್ವ್) ಒತ್ತುವ ಭಾಗ, ಅದರ ಅಂತರವನ್ನು ಸ್ಕ್ರೂನಿಂದ ಹೊಂದಿಸುತ್ತಾರೆ.

ಒಳಗೆ ಬಂದು ಪಕ್ಕದಲ್ಲಿ ಕೂತರು. ಸಟ್ಸುಮಾ ಅಂದರೆ ಡಾಟ್ಸನ್ 100ಎ ನೋಡಿ ಮಾಡಿದ್ದು, ಸಾವಿರ ಸಿಸಿಗೆ ಸ್ವಲ್ಪ ಕಡಿಮೆಯ ನಾಲ್ಕು ಸಿಲಿಂಡರ್, ಮುಂದಿನ ಚಕ್ರಕ್ಕೆ ಡ್ರೈವ್ ಅಂತ ಹೇಳಿದೆ. "ಹಾಗಾದ್ರೆ ಎಂಟು ಸ್ಕ್ರೂ ಇರ್ಬೇಕು, ತೋರ್ಸು" ಅಂದರು. ಇದ್ದವು. ಆಮೇಲೆ ಒಂದು ಗಂಟೆ ನಾನು ಸ್ಕ್ರೂಡ್ರೈವರ್ ತಿರುಗಿಸುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಎಂಟೂ ಸ್ಕ್ರೂ ಪೂರ್ತಿ ಸಡಿಲ ಮಾಡಿ ಎಣಿಸಿ ಬಿಗಿ ಮಾಡುತ್ತಾ ಬಂದೆವು. ಟಿಕ್ ಟಿಕ್ ಸದ್ದು ನಿಲ್ಲುತ್ತಿದ್ದ ಹಾಗೆ "ಅಲ್ಲೇ ಬಿಡು, ಇನ್ನು ಮುಟ್ಟಬೇಡ" ಅಂದರು. ಎಷ್ಟು ಕ್ಲಿಕ್ ಅಂತ ಗುಂಪಿನವರು ಈಗಲೂ ಕೇಳುತ್ತಿದ್ದಾರೆ. ಮಾವನ ಒಪ್ಪಿಗೆ ಇಲ್ಲದೆ ಹೇಳಲಾರೆ.

ಕಾರ್ಬೋರೇಟರ್ ನಾನೇ ಮಾಡಿದೆ. ಚೋಕ್ ಎಳೆದು ಎಂಜಿನ್ ಹತ್ತಿಸಿ, ಬಿಸಿಯಾದ ಮೇಲೆ ಚೋಕ್ ಪೂರ್ತಿ ಒಳಗೆ ತಳ್ಳಿ, ಆಮೇಲೆ ಸ್ಕ್ರೂ. ಇಲ್ಲಿ ಬಹಳ ಜನ ಎಡವುತ್ತಾರೆ, ಚೋಕ್ ಅರ್ಧ ಹೊರಗಿದ್ದಾಗಲೇ ಟ್ಯೂನ್ ಮಾಡಿ ಮಾರನೇ ದಿನ ಗಾಡಿ ಸರಿ ಇಲ್ಲ ಅಂತ ಬೈಯುತ್ತಾರೆ. ಪೆಟ್ರೋಲ್ ಜಾಸ್ತಿ ಕಡೆಗೆ ತಿರುಗಿಸುತ್ತಾ ಹೋದಾಗ ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಂತು. ಕಡಿಮೆ ಕಡೆಗೆ ಹೋದಾಗ ಢಬ್ ಢಬ್ ಅಂತ ಹೊಡೆಯಿತು. ಆ ಎರಡರ ನಡುವೆ, ಹೊಗೆಯ ಕಡೆಗೆ ಒಂದು ಕೂದಲೆಳೆ ಹತ್ತಿರ ನಿಲ್ಲಿಸಿದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅನ್ನು ಐಡ್ಲಿಂಗ್ ಏರುವ ತನಕ ತಿರುಗಿಸಿ ಸ್ವಲ್ಪ ಹಿಂದಕ್ಕೆ ತಂದೆ. ಮಾವ ಮಾರುತಿಗೂ ಹೀಗೇ ಮಾಡುತ್ತಿದ್ದರು, ಚಿಕ್ಕವನಿದ್ದಾಗ ನಾನು ಟಾರ್ಚ್ ಹಿಡಿದು ನಿಂತು ನೋಡಿದ್ದೇನೆ.

ನಿಜವಾದ ದುಡ್ಡಿನ ಲೆಕ್ಕವೂ ಹೇಳಬೇಕು. ಆಟ ಸೇಲ್‌ನಲ್ಲಿ ಮುನ್ನೂರು ರೂಪಾಯಿ ಚಿಲ್ಲರೆಗೆ ತಗೊಂಡಿದ್ದು, 2025ರ ಜನವರಿಯಲ್ಲಿ ಪೂರ್ತಿ ಆವೃತ್ತಿ ಬರುವುದಕ್ಕೂ ಬಹಳ ಮುಂಚೆ. ನನ್ನ ಲ್ಯಾಪ್‌ಟಾಪ್ ಏಳು ವರ್ಷ ಹಳೆಯದು, ಊರಿನ ಹತ್ತಿರ ಬಂದರೆ ಚಿತ್ರ ತಡವರಿಸುತ್ತಿತ್ತು. ಒಂದು ಅಂಗಡಿಯಲ್ಲಿ 2,200 ಕೊಟ್ಟು ರ‍್ಯಾಮ್ ಹಾಕಿಸಿದೆ, ಎರಡು ವಾರಕ್ಕೇ ಕೆಟ್ಟಿತು, ವಾಪಸ್ ತಗೊಳ್ಳಲಿಲ್ಲ. ಆಮೇಲೆ ಸೆಕೆಂಡ್ ಹ್ಯಾಂಡ್ ಸ್ಟೀರಿಂಗ್ ವೀಲ್ ಒಂದು, ಆರು ಸಾವಿರ. ಅದು ಟ್ಯಾಂಕರ್‌ಗೆ ಚೆನ್ನಾಗಿತ್ತು. ಆದರೆ ಕೀ ತಿರುಗಿಸಲು, ಚೋಕ್ ಎಳೆಯಲು, ನೀರು ಕುಡಿಯಲು ಮತ್ತೆ ಮತ್ತೆ ಮೌಸ್‌ಗೆ ಕೈ ಹಾಕಬೇಕು, ಅಷ್ಟರಲ್ಲಿ ಗಾಡಿ ಚರಂಡಿಗೆ ಇಳಿದಿರುತ್ತದೆ. ನಾಲ್ಕೂವರೆ ಸಾವಿರಕ್ಕೆ ಮಾರಿದೆ. ಸೆಟ್ಟಿಂಗ್‌ನಲ್ಲಿ ದೂರದ ನೋಟ ಕಡಿಮೆ ಮಾಡಿದ್ದೇ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು, ಅದಕ್ಕೆ ಕಾಸಿಲ್ಲ.

ತಪಾಸಣೆಗೆ ಮೊದಲ ಸಲ ಹೋದಾಗ ಫೇಲ್. ಚಕ್ರದ ಅಲೈನ್‌ಮೆಂಟ್ ಸರಿ ಇರಲಿಲ್ಲ, ವಾರ್ನಿಂಗ್ ಟ್ರಯಾಂಗಲ್ ಮನೆಯಲ್ಲೇ ಉಳಿದಿತ್ತು. ಮುನ್ನೂರು ಚಿಲ್ಲರೆ ಮಾರ್ಕ್ ಹೋಯಿತು. ಹಿಂದಿನ ಸೇವ್ ಆಗಿದ್ದರೆ ಅದೇ ನನ್ನ ಕೊನೆಯ ಕಾಸು. ಈ ಸಲ ಜೇಬಿನಲ್ಲಿ ಹನ್ನೊಂದು ಸಾವಿರ ಇತ್ತು, ಎದೆ ಹೊಡೆದುಕೊಳ್ಳಲಿಲ್ಲ. ಫ್ಲೀಟಾರಿ ಹತ್ತಿರ ಅಲೈನ್‌ಮೆಂಟ್ ಮಾಡಿಸಿದೆ. ಪ್ಲೇಟ್ ಇಲ್ಲದ ಗಾಡಿಗೆ ಪೊಲೀಸರು ದಂಡ ಹಾಕುತ್ತಾರೆ, ಅದಕ್ಕೇ ವಾಪಸ್ ಬರುವಾಗ ಮಣ್ಣಿನ ದಾರಿ ಹಿಡಿದೆ, ಮೂವತ್ತರಲ್ಲಿ, ಬೆಲ್ಟ್ ಹಾಕಿಕೊಂಡು. ಫಿಟ್ಟಾನ್ ಬಂದ. ಎಂಜಿನ್ ಸದ್ದು ಕೇಳಿದ ಕೂಡಲೇ ಪಕ್ಕಕ್ಕೆ ಇಳಿಸಿ ನಿಂತೆ, ಧೂಳೆಬ್ಬಿಸಿಕೊಂಡು ಹೋದ.

ಎರಡು ದಿನ ಬಿಟ್ಟು ಮತ್ತೆ ಹೋದೆ, ಪಾಸ್. ಪ್ಲೇಟ್ ಎರಡನ್ನೂ ಅಲ್ಲೇ ಹಾಕಿದೆ. ಮನೆಗೆ ಬಂದು ಸೇವ್ ಮಾಡಿದೆ, ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಿದೆ, ಮಾವನಿಗೂ ಕಳಿಸಿದೆ. ಗುಂಪಿನಲ್ಲಿ ಮೂರು ಜನ ಆಗಲೇ ನೋಟ್‌ಬುಕ್ ತಗೊಂಡು ಹೊಸ ಸೇವ್ ಶುರು ಮಾಡಿದ್ದಾರೆ. ದಿನಾ ಕೇಳುತ್ತಿದ್ದವನೂ ಅದರಲ್ಲಿ ಒಬ್ಬ. ಮಾವ ಮಾತ್ರ ಫೋಟೋ ನೋಡಿ ಫೋನ್ ಮಾಡಿದರು. "ಪ್ಲೇಟ್ ಇರ್ಲಿ, ಐಡ್ಲಿಂಗ್ ಹೇಗಿದೆ? ಫೋನ್ ಸ್ಪೀಕರ್ ಹತ್ರ ಹಿಡಿ."

ಹಿಡಿದೆ. ಸ್ವಲ್ಪ ಹೊತ್ತು ಕೇಳಿ, ಮೂರನೇ ಸಿಲಿಂಡರ್ ಇನ್ನೊಂದು ಸಲ ನೋಡು ಅಂದರು. ಇವತ್ತು ರಾತ್ರಿ ನೋಡುತ್ತೇನೆ.