ಹೋಮ್‌ಬ್ರೂ ಹಾಕುವ ಮುನ್ನ: ಗೇಮ್ ಕನ್ಸೋಲನ್ನು ಕುತಂತ್ರಾಂಶದಿಂದ ಕಾಪಾಡಿಕೊಳ್ಳುವ ಬಗೆ

2005ರ ಸೆಪ್ಟೆಂಬರಿನಲ್ಲಿ ಸೋನಿಯ ಕೈಯಲ್ಲಿ ಹಿಡಿದು ಆಡುವ ಕನ್ಸೋಲಾದ ಪಿಎಸ್‌ಪಿಯ 2.0 ಫರ್ಮ್‌ವೇರಿನಲ್ಲಿ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶದಲ್ಲಿ) ಟಿಫ್ ಚಿತ್ರಗಳನ್ನು ತೆರೆಯುವ ಭಾಗದ ದೋಷವೊಂದು ಬೆಳಕಿಗೆ ಬಂತು. ಅದರ ನೆರವಿನಿಂದ ಯಂತ್ರವನ್ನು, ಹೋಮ್‌ಬ್ರೂ (ಕನ್ಸೋಲ್ ತಯಾರಕರ ಒಪ್ಪಿಗೆಯಿಲ್ಲದೆ ಹವ್ಯಾಸಿಗಳು ಬರೆದ ಕಾರ್ಯಕ್ರಮಗಳು) ಸಲೀಸಾಗಿ ಓಡುತ್ತಿದ್ದ 1.5 ಆವೃತ್ತಿಗೆ ಇಳಿಸುವ ಸಾಧನವೂ ಸಿದ್ಧವಾಯಿತು. ಮರುತಿಂಗಳು, ಅಕ್ಟೋಬರಿನಲ್ಲಿ, ಅದೇ ಕೆಲಸ ಮಾಡಿಕೊಡುವುದಾಗಿ ಹೇಳಿಕೊಂಡ ಇನ್ನೊಂದು ಕಡತ ಹರಿದಾಡಿತು. ಅದು ಮಾಡಿದ್ದು ಮಾತ್ರ ಬೇರೆ: ಪಿಎಸ್‌ಪಿ ಚಾಲೂ ಆಗಲು ಬೇಕಾದ ಕಡತಗಳನ್ನು ಒಳಗಿನ ಫ್ಲ್ಯಾಶ್ ಮೆಮೊರಿಯಿಂದ ಅಳಿಸಿಹಾಕಿತು. ಆರಿಸಿ ಮತ್ತೆ ಹಚ್ಚಿದರೆ ಯಂತ್ರ ಏಳಲಿಲ್ಲ. ಆಂಟಿವೈರಸ್ ಕಂಪನಿ ಸಿಮ್ಯಾಂಟೆಕ್ ಇದನ್ನು ಟ್ರೋಜನ್ (ಉಪಯುಕ್ತವೆಂದು ನಂಬಿಸಿ ಕೇಡು ಮಾಡುವ ಕಾರ್ಯಕ್ರಮ) ಎಂದು ಗುರುತಿಸಿ ಪಿಎಸ್‌ಪಿಬ್ರಿಕ್ ಎಂದು ಹೆಸರಿಟ್ಟಿತು. ಅದೇ ತಿಂಗಳು ನಿಂಟೆಂಡೊ ಡಿಎಸ್‌ಗೂ ಡಿಎಸ್‌ಬ್ರಿಕ್ ಎಂಬ ಟ್ರೋಜನ್ ಬಂದು, ಫರ್ಮ್‌ವೇರ್ ಚಿಪ್ಪಿನ ಮೇಲೆ ಕಸವನ್ನು ಬರೆದು ಯಂತ್ರವನ್ನು ಕೆಡಿಸಿತು.

ಈ ಎರಡು ಘಟನೆಗಳು ಇಂದಿಗೂ ಗಮನಾರ್ಹವಾಗಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ಆ್ಯಪ್ ಒಂದು ಸಂಪರ್ಕ ಪಟ್ಟಿಯನ್ನು ನೋಡಬೇಕಾದರೂ ಅನುಮತಿ ಕೇಳಬೇಕು. ಹೋಮ್‌ಬ್ರೂ ಓಡಬೇಕಾದರೆ ಕಾರ್ಯಕ್ರಮಕ್ಕೆ ತಯಾರಕರ ಡಿಜಿಟಲ್ ಸಹಿ ಇದೆಯೇ ಎಂದು ನೋಡುವ ಕನ್ಸೋಲಿನ ಪರಿಶೀಲನೆಯನ್ನೇ ನಾವು ಕಳಚಿರುತ್ತೇವೆ. ಆಮೇಲೆ ಬರುವ ಕಾರ್ಯಕ್ರಮ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರು ಯಂತ್ರದೊಳಗೆ ಯಾರೂ ಉಳಿದಿರುವುದಿಲ್ಲ. ಆಂಟಿವೈರಸ್ ಅಲ್ಲಿ ಇಲ್ಲ. ಕಂಪ್ಯೂಟರಿನ ಆಂಟಿವೈರಸ್ ಕೂಡ ಇಂಥ ಕಡತವನ್ನು ಶುದ್ಧವೆಂದೇ ಹೇಳುವ ಸಾಧ್ಯತೆ ಹೆಚ್ಚು, ಏಕೆಂದರೆ ಅದು ವಿಂಡೋಸಿಗೆ ಏನೂ ಮಾಡುವುದಿಲ್ಲ. ಹಾಗಾಗಿ ಬಳಕೆದಾರರ ಕೈಯಲ್ಲಿ ಉಳಿಯುವ ರಕ್ಷಣೆ ಎರಡೇ: ಮೊದಲೇ ತೆಗೆದು ಹೊರಗಿಟ್ಟ ಬ್ಯಾಕಪ್, ಮತ್ತು ಕಡತದ ಮೂಲದ ಬಗ್ಗೆ ಖಚಿತ ತಿಳಿವಳಿಕೆ. ಇವೆರಡರಲ್ಲಿ ಬ್ಯಾಕಪ್ಪನ್ನು ನಾನು ಮೊದಲು ಇಡುತ್ತೇನೆ, ಏಕೆಂದರೆ ಮೂಲವನ್ನು ಅಳೆಯುವಲ್ಲಿ ಎಚ್ಚರದ ಮನುಷ್ಯನೂ ಎಡವಬಹುದು.

ನಿಂಟೆಂಡೊ 3ಡಿಎಸ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹೋಮ್‌ಬ್ರೂಗೆ ದಾರಿ ಮಾಡಿಕೊಡುವ ಬೂಟ್9ಸ್ಟ್ರ್ಯಾಪ್ ಮತ್ತು ಲೂಮಾ ಎಂಬ ತಂತ್ರಾಂಶಗಳನ್ನು ಅಳವಡಿಸಿದ ಕೂಡಲೇ, ಬೇರೆ ಯಾವ ಹೋಮ್‌ಬ್ರೂವನ್ನೂ ಹಾಕುವ ಮೊದಲು, ಗಾಡ್‌ಮೋಡ್9 ಎಂಬ ಕಡತ ನಿರ್ವಹಣಾ ಸಾಧನವನ್ನು ತೆರೆದು, ನ್ಯಾಂಡ್ ಎಂಬ ಒಳಗಿನ ಮೆಮೊರಿಯ ಪೂರ್ತಿ ಪ್ರತಿಯನ್ನು ತೆಗೆಯಬೇಕು. ಎಸ್‌ಡಿ ಕಾರ್ಡಿನಲ್ಲಿ ಒಂದೂವರೆ ಜಿಬಿ ಖಾಲಿ ಜಾಗವಿದ್ದರೆ ಸಾಕು. ಪ್ರತಿಯ ಜೊತೆಗೆ ಅದರ ಹ್ಯಾಶ್ ಮೌಲ್ಯ (ಕಡತದಲ್ಲಿ ಏನೇ ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ) ಇರುವ ಚಿಕ್ಕ ಕಡತವೂ ಸಿದ್ಧವಾಗುತ್ತದೆ. ಎರಡನ್ನೂ ಕಂಪ್ಯೂಟರಿಗೆ ನಕಲಿಸಿ, ಇನ್ನೊಂದು ಪ್ರತಿಯನ್ನು ಬೇರೆ ಡ್ರೈವಿನಲ್ಲಿಟ್ಟು, ಆಮೇಲೆ ಕಾರ್ಡಿನಿಂದ ತೆಗೆದುಬಿಡಿ. ಬ್ಯಾಕಪ್ ಕಾರ್ಡಿನಲ್ಲೇ ಇದ್ದರೆ ನ್ಯಾಂಡನ್ನು ಅಳಿಸುವ ಕಾರ್ಯಕ್ರಮ ಅದನ್ನೂ ಅಳಿಸಬಲ್ಲದು. ಪ್ರತಿಯೊಂದು ಕನ್ಸೋಲಿನ ನ್ಯಾಂಡ್ ಆ ಯಂತ್ರಕ್ಕಷ್ಟೇ ಸೇರಿದ ಕೀಲಿಯಿಂದ ಗೂಢಲಿಪೀಕರಣಗೊಂಡಿರುವುದರಿಂದ, ಸ್ನೇಹಿತರ ಬ್ಯಾಕಪ್ಪನ್ನು ಎರವಲು ತಂದು ನಿಮ್ಮ ಯಂತ್ರವನ್ನು ಉಳಿಸಿಕೊಳ್ಳಲು ಬರುವುದಿಲ್ಲ. ನಿಂಟೆಂಡೊ ಸ್ವಿಚ್‌ನಲ್ಲಿ ಹೆಕಾಟೆ ಎಂಬ ಸಾಧನ ಇದೇ ಕೆಲಸ ಮಾಡುತ್ತದೆ. ಮೊದಲ ಮಾದರಿಯ ಮೆಮೊರಿಯೇ 32 ಜಿಬಿ ಇರುವುದರಿಂದ ದೊಡ್ಡ ಕಾರ್ಡ್ ಬೇಕು, ಸಮಯವೂ ಬೇಕು, ಆದರೂ ಬಿಡಬಾರದು.

ಈಗ ಮೂಲದ ವಿಚಾರ. ಕಡತವನ್ನು ಅದನ್ನು ಬರೆದವರ ಕೋಡ್ ಭಂಡಾರದ ಬಿಡುಗಡೆ ಪುಟದಿಂದಲೇ ಇಳಿಸಿಕೊಳ್ಳಿ. ವಿಡಿಯೊ ಕೆಳಗಿನ ಕೊಂಡಿ, ಟೆಲಿಗ್ರಾಮ್ ಗುಂಪಿನಲ್ಲಿ ಬಂದ ಜಿಪ್, 'ಎಲ್ಲವೂ ಒಂದೇ ಕಡೆ' ಎಂಬ ಸಿದ್ಧ ಪ್ಯಾಕ್‌ಗಳು ಬೇಡ. ಆ ಪ್ಯಾಕ್‌ಗಳನ್ನು ಕಟ್ಟಿದವರು ಕೆಟ್ಟವರೇ ಆಗಿರಬೇಕಿಲ್ಲ. ಆದರೆ ಹತ್ತಾರು ಕಡತಗಳ ನಡುವೆ ಒಂದನ್ನು ಯಾರು ಬದಲಿಸಿದರು ಎಂದು ತಿಳಿಯುವ ದಾರಿ ನಿಮಗಿರುವುದಿಲ್ಲ. ಬಿಡುಗಡೆ ಪುಟದಲ್ಲಿ ಎಸ್‌ಎಚ್‌ಎ-256 ಎಂಬ ಬಗೆಯ ಹ್ಯಾಶ್ ಮೌಲ್ಯ ಕೊಟ್ಟಿದ್ದರೆ, ವಿಂಡೋಸಿನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಆಜ್ಞೆ ಕೊಟ್ಟು ನಿಮ್ಮ ಕಡತದ ಮೌಲ್ಯವನ್ನು ಹೋಲಿಸಿ ನೋಡಿ. ಮೌಲ್ಯ ಹೊಂದಿದರೆ ದಾರಿಯಲ್ಲಿ ಕಡತ ಬದಲಾಗಿಲ್ಲ ಎಂದಷ್ಟೇ ಅರ್ಥ. ಬರೆದವರ ಉದ್ದೇಶದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮೂಲ ಕೋಡ್ ಬಹಿರಂಗವಾಗಿದೆಯೇ, ಬರೆದವರು ಹಿಂದೆ ಏನು ಮಾಡಿದ್ದಾರೆ, ಬೇರೆ ಯಾರಾದರೂ ಅದನ್ನು ಓದಿ ದೋಷಗಳನ್ನು ವರದಿ ಮಾಡಿದ್ದಾರೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಇದಕ್ಕೆ ಒತ್ತು ಕೊಡಲು ಕಾರಣ, ಕೇಡು ಯಾವಾಗಲೂ ಅನಾಮಿಕರಿಂದಲೇ ಬಂದಿಲ್ಲ. ಹಣ ಕೊಟ್ಟು ಕೊಳ್ಳುತ್ತಿದ್ದ 3ಡಿಎಸ್‌ನ ಗೇಟ್‌ವೇ ಎಂಬ, ಆಟಗಳ ಪ್ರತಿಗಳನ್ನು ಓಡಿಸುವ ಕಾರ್ಡಿನ ತಂತ್ರಾಂಶದಲ್ಲಿ, ಆ ಕಾರ್ಡಿನ ನಕಲಿಯನ್ನು ಬಳಸುವವರ ಯಂತ್ರವನ್ನು ಕೆಡಿಸುವ ಕೋಡ್ ಇದ್ದದ್ದು 2014ರಲ್ಲಿ ಗೊತ್ತಾಯಿತು. 2018ರಲ್ಲಿ ಸ್ವಿಚ್‌ಗೆಂದು ಹಣಕ್ಕೆ ಮಾರುತ್ತಿದ್ದ ಎಸ್‌ಎಕ್ಸ್ ಓಎಸ್ ಎಂಬ ತಂತ್ರಾಂಶದಲ್ಲಿಯೂ, ತನ್ನ ಕೋಡನ್ನು ಯಾರಾದರೂ ಕೆದಕುತ್ತಿದ್ದಾರೆ ಎನ್ನಿಸಿದರೆ ಮೆಮೊರಿ ಚಿಪ್ಪಿಗೆ ಪಾಸ್‌ವರ್ಡ್ ಬೀಗ ಜಡಿಯುವ ಭಾಗವನ್ನು ಸಂಶೋಧಕರು ಕಂಡುಹಿಡಿದರು. ಎರಡರ ಮೂಲ ಕೋಡೂ ಗುಟ್ಟಾಗಿತ್ತು. ಬೆಲೆ ಕೊಟ್ಟದ್ದು ಭದ್ರತೆಯ ಖಾತರಿಯಾಗುವುದಿಲ್ಲ.

ಕಡತದ ಬಗೆಯನ್ನು ನೋಡಿಯೂ ಅಪಾಯವನ್ನು ಅಂದಾಜು ಮಾಡಬಹುದು. 3ಡಿಎಸ್‌ನಲ್ಲಿ 3ಡಿಎಸ್ಎಕ್ಸ್ ಕಡತ ಕಾರ್ಯಾಚರಣಾ ವ್ಯವಸ್ಥೆಯ ಒಳಗೆ ಓಡುತ್ತದೆ. ಸಿಐಎ ಕಡತ ಯಂತ್ರದಲ್ಲಿ ಅಳವಡಿಕೆಯಾಗಿ ಹೆಚ್ಚಿನ ಹಕ್ಕುಗಳನ್ನು ಪಡೆಯಬಲ್ಲದು. ಫರ್ಮ್ ಕಡತವಂತೂ ವ್ಯವಸ್ಥೆ ಏಳುವ ಮುನ್ನವೇ ಓಡಿ ನ್ಯಾಂಡನ್ನು ನೇರವಾಗಿ ಮುಟ್ಟುತ್ತದೆ. ಒಂದು ಚಿಕ್ಕ ಪಝಲ್ ಆಟ ಫರ್ಮ್ ರೂಪದಲ್ಲಿ ಬಂದರೆ ಅದಕ್ಕೆ ಅಷ್ಟು ಅಧಿಕಾರ ಏಕೆ ಬೇಕು ಎಂದು ಕೇಳಬೇಕು. ಗಾಡ್‌ಮೋಡ್9 ಅಪಾಯದ ಬರವಣಿಗೆಗೆ ಮುನ್ನ ಗುಂಡಿಗಳನ್ನು ನಿರ್ದಿಷ್ಟ ಕ್ರಮದಲ್ಲಿ ಒತ್ತಲು ಹೇಳುತ್ತದೆ. ಅದು ಕಾಟಾಚಾರದ ಪ್ರಶ್ನೆಯಲ್ಲ. ಎಲ್ಲಿಂದಲೋ ತಂದ ಸ್ಕ್ರಿಪ್ಟ್ ಒಂದು ಓಡುತ್ತಿರುವಾಗ ಆ ಪರದೆ ಕಂಡರೆ, ಏನನ್ನು ಬರೆಯಲಾಗುತ್ತಿದೆ ಎಂದು ಅರ್ಥವಾಗದೆ ಗುಂಡಿ ಒತ್ತಬೇಡಿ. ಸೋನಿಯ ಪಿಎಸ್ ವೀಟಾ ಕನ್ಸೋಲಿನಲ್ಲಿ ವೀಟಾಶೆಲ್ ಎಂಬ ಕಡತ ನಿರ್ವಹಣಾ ಸಾಧನ ಕೂಡ ವಿಶೇಷ ಅನುಮತಿ ಬೇಡುವ ವಿಪಿಕೆ (ಅಳವಡಿಕೆ) ಕಡತಗಳಿಗೆ ಎಚ್ಚರಿಕೆ ತೋರಿಸುತ್ತದೆ. ಅಲ್ಲಿಯೂ ಇದೇ ನಿಯಮ.

ಸೆಕೆಂಡ್ ಹ್ಯಾಂಡ್ ಕನ್ಸೋಲ್ ಕೊಂಡು, ಅದರಲ್ಲಿ ಆಗಲೇ ಹೋಮ್‌ಬ್ರೂ ಹಾಕಿದ್ದರೆ, ಹಳೆಯ ಎಸ್‌ಡಿ ಕಾರ್ಡಿನಲ್ಲಿರುವುದನ್ನು ನಂಬಬೇಡಿ. ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಲೂಮಾ ಮೊದಲಾದವನ್ನು ಮೂಲ ಪುಟಗಳಿಂದ ಹೊಸದಾಗಿ ತಂದು ಹಾಕಿ, ಆಮೇಲೆ ಬ್ಯಾಕಪ್ ತೆಗೆಯಿರಿ. ಕಂಪ್ಯೂಟರಿನ ಕಡೆಯೂ ಗಮನವಿರಲಿ: ಕನ್ಸೋಲಿಗೆಂದು ಇಳಿಸಿದ ಜಿಪ್ಪಿನೊಳಗೆ ಇಎಕ್ಸ್ಇ ಕಡತವಿದ್ದು, ಅದು ಆಂಟಿವೈರಸ್ ನಿಲ್ಲಿಸಿರೆಂದು ಕೇಳಿದರೆ, ಕೆಡುವುದು ಕನ್ಸೋಲಲ್ಲ, ನಿಮ್ಮ ಬ್ಯಾಂಕ್ ಪಾಸ್‌ವರ್ಡುಗಳಿರುವ ಕಂಪ್ಯೂಟರು.

ಇಷ್ಟಾದರೂ ಯಂತ್ರ ಏಳದೆ ಹೋದರೆ, ಗಾಬರಿಯಲ್ಲಿ 'ಅನ್‌ಬ್ರಿಕ್' (ಕೆಟ್ಟ ಯಂತ್ರವನ್ನು ಮತ್ತೆ ಎಬ್ಬಿಸುತ್ತೇವೆನ್ನುವ) ಕಡತಗಳನ್ನು ಹುಡುಕಿ ಹಾಕುವುದು ಎರಡನೆಯ ಬಲೆಗೆ ಬಿದ್ದಂತೆ. 3ಡಿಎಸ್ ಆದರೆ, ಮೊದಲು ಕಾರ್ಡ್ ತೆಗೆದು, ಇನ್ನೊಂದು ಖಾಲಿ ಕಾರ್ಡಿನಲ್ಲಿ ಲೂಮಾ ಮತ್ತು ಗಾಡ್‌ಮೋಡ್9 ಮಾತ್ರ ಇಟ್ಟು, ಸ್ಟಾರ್ಟ್ ಗುಂಡಿ ಹಿಡಿದು ಹಚ್ಚಿ ನೋಡಿ. ಗಾಡ್‌ಮೋಡ್9 ತೆರೆದುಕೊಂಡರೆ, ಕಂಪ್ಯೂಟರಿನಲ್ಲಿರುವ ಬ್ಯಾಕಪ್ಪಿನ ಹ್ಯಾಶ್ ಸರಿಯಿದೆಯೇ ಎಂದು ಪರೀಕ್ಷಿಸಿ, ಅದನ್ನು ಈ ಕಾರ್ಡಿಗೆ ನಕಲಿಸಿ, ಬೂಟ್9ಸ್ಟ್ರ್ಯಾಪನ್ನು ಮುಟ್ಟದೆ ಉಳಿಸುವ 'ಸೇಫ್' ಆಯ್ಕೆಯಿಂದಲೇ ನ್ಯಾಂಡನ್ನು ಮರಳಿಸಿ. 2005ರ ಪಿಎಸ್‌ಪಿ ಮಾಲೀಕರಿಗೆ ಇಂಥ ಅನುಕೂಲವಿರಲಿಲ್ಲ. ಬ್ಯಾಟರಿಯ ಕ್ರಮಸಂಖ್ಯೆಯನ್ನು ಬದಲಿಸಿ ಯಂತ್ರವನ್ನು ಸರ್ವಿಸ್ ಸ್ಥಿತಿಗೆ ತರುವ ಪಂಡೋರಾ ಬ್ಯಾಟರಿ ಬಂದದ್ದು 2007ರಲ್ಲಿ. ಕೆಡಿಸಿದ ಕಡತವನ್ನು ಅಳಿಸಿಬಿಡದೆ, ಪಾಸ್‌ವರ್ಡ್ ಹಾಕಿದ ಜಿಪ್ಪಿನಲ್ಲಿಟ್ಟು, ಎಲ್ಲಿಂದ ಇಳಿಸಿದಿರಿ ಎಂಬ ವಿವರದೊಡನೆ ಲೂಮಾ ಅಥವಾ ಗಾಡ್‌ಮೋಡ್9 ಅಭಿವೃದ್ಧಿಪಡಿಸುವವರಿಗೆ ತಲುಪಿಸಿ. ಅವರು ಅದನ್ನು ಬಿಚ್ಚಿ ನೋಡಿ ಎಚ್ಚರಿಕೆ ಹೊರಡಿಸಿದರೆ, ಅದೇ ಕಡತವನ್ನು ಇಳಿಸಿಕೊಂಡು ಇನ್ನೂ ಓಡಿಸದಿರುವವರ ಯಂತ್ರಗಳು ಉಳಿಯುತ್ತವೆ.