ಮೊಟ್ಟೆಯ ಬಿಳಿಭಾಗದ ಲೈಸೊಜೈಮ್: ಅದರ ಚಟುವಟಿಕೆಯನ್ನು ಅಳೆಯುವ ಕ್ರಮ

ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಒಡೆಯುವ ಕಿಣ್ವಗಳಲ್ಲಿ ಪದವಿ ಕಾಲೇಜಿನ ಪ್ರಯೋಗಾಲಯಕ್ಕೆ ಅತ್ಯಂತ ಸುಲಭವಾಗಿ ಒದಗುವುದು ಲೈಸೊಜೈಮ್. ಕೋಳಿಮೊಟ್ಟೆಯ ಬಿಳಿಭಾಗದ ಪ್ರೋಟೀನಿನಲ್ಲಿ ಸುಮಾರು ಶೇ 3.5ರಷ್ಟು ಪಾಲು ಇದರದು. 1921ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ತಮ್ಮ ನೆಗಡಿಯ ಸಿಂಬಳದ ಸುತ್ತ ಹಳದಿ ಬಣ್ಣದ ಬ್ಯಾಕ್ಟೀರಿಯಾ ಕಾಲೊನಿಗಳು ಕರಗುತ್ತಿದ್ದುದನ್ನು ಗಮನಿಸಿದರು. ಅಂದು ಕರಗಿದ ಮೈಕ್ರೊಕಾಕಸ್ ಬ್ಯಾಕ್ಟೀರಿಯಾವನ್ನೇ ಇಂದಿಗೂ ಈ ಅಳತೆಗೆ ಬಳಸುತ್ತೇವೆ.

ಅಳತೆಯ ತತ್ವ ಸರಳವಾದುದು. ಕೋಶಭಿತ್ತಿಯು ಪೆಪ್ಟಿಡೊಗ್ಲೈಕಾನ್ ಎಂಬ ಬಲೆಯಿಂದ ಆಗಿದ್ದು, ಅದರ ಉದ್ದನೆಯ ಎಳೆಗಳಲ್ಲಿ ಎನ್-ಅಸಿಟೈಲ್ ಮ್ಯುರಾಮಿಕ್ ಆಮ್ಲ ಮತ್ತು ಎನ್-ಅಸಿಟೈಲ್ ಗ್ಲುಕೋಸಮೈನ್ ಒಂದಾದ ಮೇಲೊಂದರಂತೆ ಪೋಣಿಸಿಕೊಂಡಿರುತ್ತವೆ. ಲೈಸೊಜೈಮ್ ಇವೆರಡರ ನಡುವಿನ ಬೀಟಾ-1,4 ಬಂಧವನ್ನು ನೀರಿನ ಅಣುವಿನ ನೆರವಿನಿಂದ ಕತ್ತರಿಸುತ್ತದೆ. ಬಲೆ ಹರಿದಂತೆ ಕೋಶಗಳು ಕರಗುತ್ತವೆ, ಹಾಲಿನಂತೆ ಮಬ್ಬಾಗಿದ್ದ ದ್ರಾವಣ ತಿಳಿಯಾಗುತ್ತದೆ. ಆ ತಿಳಿಯಾಗುವ ವೇಗವನ್ನು ಬೆಳಕನ್ನು ಅಳೆಯುವ ಸ್ಪೆಕ್ಟ್ರೊಫೋಟೊಮೀಟರ್ ಎಂಬ ಉಪಕರಣದಲ್ಲಿ, 450 ನ್ಯಾನೊಮೀಟರ್ ತರಂಗಾಂತರದಲ್ಲಿ ಓದುವುದೇ ನಮ್ಮ ಕೆಲಸ.

ಮೊದಲು ಬಫರ್, ಅಂದರೆ ಪಿಎಚ್ ಬದಲಾಗದಂತೆ ಕಾಯುವ ದ್ರಾವಣವನ್ನು ಸಿದ್ಧಪಡಿಸಿಕೊಳ್ಳಿ. 8.98 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟನ್ನು ಸುಮಾರು 900 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಸೇರಿಸುತ್ತಾ ಪಿಎಚ್ 6.24ಕ್ಕೆ ತಂದು, ಅನಂತರ ಒಂದು ಲೀಟರಿಗೆ ತುಂಬಿಸಬೇಕು. ಇದು 66 ಮಿಲಿಮೋಲಾರ್ ಬಫರ್. ಈ ಸಾಂದ್ರತೆಯನ್ನು ಲಘುವಾಗಿ ಎಣಿಸಬಾರದು. ಲವಣದ ಪ್ರಮಾಣ ಬದಲಾದರೆ ಕಿಣ್ವದ ವೇಗವೂ ಬದಲಾಗುವುದರಿಂದ ಎರಡು ದಿನಗಳ ಫಲಿತಾಂಶಗಳನ್ನು ಹೋಲಿಸಲು ಸಾಧ್ಯವಾಗುವುದಿಲ್ಲ.

ಮೈಕ್ರೊಕಾಕಸ್ ಕೋಶಗಳು ಒಣಗಿಸಿದ, ನಿರ್ಜೀವ ಪುಡಿಯ ರೂಪದಲ್ಲಿ ಸಿಗುತ್ತವೆ. 15 ಮಿ.ಗ್ರಾಂ ಪುಡಿಯನ್ನು ಮೊದಲು ಕೆಲವೇ ಹನಿ ಬಫರಿನಲ್ಲಿ ಗಂಟಿಲ್ಲದಂತೆ ಕಲಸಿ, ಬಳಿಕ 100 ಮಿ.ಲೀ.ಗೆ ಹೆಚ್ಚಿಸಿ. ರಾಗಿ ಅಂಬಲಿಗೆ ಹಿಟ್ಟು ಕದಡುವಾಗ ನಾವು ಮಾಡುವುದೂ ಇದನ್ನೇ: ಒಮ್ಮೆಗೇ ನೀರು ಸುರಿದರೆ ಗಂಟುಗಳು ಉಳಿಯುತ್ತವೆ. ಈ ಕದಡಿನ ಅಬ್ಸಾರ್ಬೆನ್ಸ್ (ಬೆಳಕನ್ನು ತಡೆಯುವ ಪ್ರಮಾಣ) 0.6ರಿಂದ 0.7ರ ನಡುವೆ ಇರಬೇಕು; ಹೆಚ್ಚಿದ್ದರೆ ಬಫರ್, ಕಡಿಮೆಯಿದ್ದರೆ ಇನ್ನಷ್ಟು ಕೋಶಗಳನ್ನು ಸೇರಿಸಿ ಸರಿಪಡಿಸಿ. ಅಂದಂದಿನ ಕದಡನ್ನು ಅಂದೇ ಬಳಸುವುದು ಒಳ್ಳೆಯದು.

ಬಿಳಿಭಾಗವನ್ನು ತೆಳುಗೊಳಿಸುವ ಹಂತದಲ್ಲಿಯೇ ಹೆಚ್ಚಿನ ವಿದ್ಯಾರ್ಥಿಗಳ ಲೆಕ್ಕ ತಪ್ಪುತ್ತದೆ. ಲೋಳೆ ಪಿಪೆಟ್ಟಿನ ಒಳಗೋಡೆಗೆ ಅಂಟಿಕೊಳ್ಳುವುದರಿಂದ 1 ಮಿ.ಲೀ. ಎಂದು ತೆಗೆದದ್ದು ನಿಜವಾಗಿ ಅಷ್ಟಿರುವುದಿಲ್ಲ. ಆದ್ದರಿಂದ ಬಿಳಿಭಾಗವನ್ನು ತೆಳ್ಳನೆಯ ಮಸ್ಲಿನ್ ಬಟ್ಟೆಯಲ್ಲಿ ನಿಧಾನವಾಗಿ ಸೋಸಿ, ಅಗಲ ಬಾಯಿಯ ಪಿಪೆಟ್ಟನ್ನೇ ಬಳಸಿ. ನೊರೆ ಬರುವಂತೆ ಕಡೆಯಬೇಡಿ, ಏಕೆಂದರೆ ನೊರೆಯ ಗುಳ್ಳೆಗಳ ಮೇಲ್ಮೈಯಲ್ಲಿ ಪ್ರೋಟೀನ್ ಕೆಡುತ್ತದೆ. 1 ಮಿ.ಲೀ. ಬಿಳಿಭಾಗಕ್ಕೆ ಶೇ 5ರ ಉಪ್ಪಿನ ದ್ರಾವಣ 9 ಮಿ.ಲೀ. ಸೇರಿಸಿ ಮೃದುವಾಗಿ ಕಲಕಿ. ಬಿಳಿಭಾಗದ ಮತ್ತೊಂದು ಪ್ರೋಟೀನಾದ ಓವೊಮ್ಯುಸಿನ್‌ಗೆ ಅಂಟಿಕೊಂಡ ಲೈಸೊಜೈಮ್ ಉಪ್ಪಿನಿಂದ ಬಿಡುಗಡೆಯಾಗುತ್ತದೆ. ಇದರಲ್ಲಿ 1 ಮಿ.ಲೀ. ತೆಗೆದು ತಣ್ಣನೆಯ ಬಫರ್ 49 ಮಿ.ಲೀ.ಗೆ ಸೇರಿಸಿದರೆ ಒಟ್ಟು 500 ಪಟ್ಟು ತೆಳುವಾಗುತ್ತದೆ. ಧನ ವಿದ್ಯುದಂಶ ಹೆಚ್ಚಿರುವ ಲೈಸೊಜೈಮ್ ಗಾಜಿಗೆ ಅಂಟಿಕೊಳ್ಳುವ ಗುಣವುಳ್ಳದ್ದಾದ್ದರಿಂದ ತೆಳು ದ್ರಾವಣವನ್ನು ಪ್ಲಾಸ್ಟಿಕ್ ನಳಿಕೆಯಲ್ಲಿ, ಮಂಜುಗಡ್ಡೆಯ ಮೇಲಿಟ್ಟು, ಬೇಗನೆ ಬಳಸಬೇಕು. ಹಸಿ ಮೊಟ್ಟೆಯನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ.

ಈಗ ಕುವೆಟ್ಟಿಗೆ (ಉಪಕರಣದೊಳಗೆ ಇಡುವ ಪಾರದರ್ಶಕ ಪುಟ್ಟ ಪಾತ್ರೆ) 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕದಡನ್ನು 2.5 ಮಿ.ಲೀ. ಹಾಕಿ, 0.1 ಮಿ.ಲೀ. ಕಿಣ್ವ ದ್ರಾವಣವನ್ನು ಸೇರಿಸಿ, ಮುಚ್ಚಿ ಎರಡು ಮೂರು ಸಲ ಬುಡಮೇಲು ಮಾಡಿ, ಕೂಡಲೇ ಓದಲು ಆರಂಭಿಸಿ. ಪ್ರತಿ 30 ಸೆಕೆಂಡಿಗೊಮ್ಮೆ ಐದು ನಿಮಿಷಗಳವರೆಗೆ ಬರೆದುಕೊಳ್ಳಿ. ಇನ್ನೊಂದು ಕುವೆಟ್ಟಿನಲ್ಲಿ ಕಿಣ್ವದ ಬದಲು 0.1 ಮಿ.ಲೀ. ಬಫರ್ ಇರಬೇಕು. ಈ ಕಂಟ್ರೋಲ್ ಇಲ್ಲದ ಅಳತೆಗೆ ಬೆಲೆಯಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಕೋಶಗಳು ತಮ್ಮಷ್ಟಕ್ಕೆ ತಳಕ್ಕೆ ಇಳಿದರೂ ಅಬ್ಸಾರ್ಬೆನ್ಸ್ ಇಳಿಯುತ್ತದೆ.

ಕುದಿಸಿದ ಕಿಣ್ವವನ್ನು ಕಂಟ್ರೋಲ್ ಆಗಿ ಇಡುವ ರೂಢಿ ಇಲ್ಲಿ ದಾರಿ ತಪ್ಪಿಸಬಹುದು. ನಾಲ್ಕು ಡೈಸಲ್ಫೈಡ್ ಬಂಧಗಳಿಂದ ಬಿಗಿದುಕೊಂಡಿರುವ, 129 ಅಮೈನೊ ಆಮ್ಲಗಳ ಈ ಪುಟ್ಟ ಪ್ರೋಟೀನ್ ಆಮ್ಲೀಯ ದ್ರಾವಣದಲ್ಲಿ ಅಲ್ಪಕಾಲದ ಕುದಿತವನ್ನೂ ತಾಳಿಕೊಳ್ಳಬಲ್ಲದು.

ಲೆಕ್ಕಕ್ಕೆ ಗ್ರಾಫಿನ ಆರಂಭದ ನೇರ ಭಾಗವನ್ನಷ್ಟೇ ತೆಗೆದುಕೊಳ್ಳಿ. ಕೋಶಗಳು ಖರ್ಚಾದಂತೆ ರೇಖೆ ಬಾಗುತ್ತದೆ. 2.6 ಮಿ.ಲೀ. ಮಿಶ್ರಣದಲ್ಲಿ ನಿಮಿಷಕ್ಕೆ 0.001ರಷ್ಟು ಇಳಿಕೆಯನ್ನು ಉಂಟುಮಾಡುವ ಕಿಣ್ವವೇ ಒಂದು ಯೂನಿಟ್. ಉದಾಹರಣೆಗೆ, ಎರಡು ನಿಮಿಷದಲ್ಲಿ 0.650ರಿಂದ 0.590ಕ್ಕೆ ಇಳಿದಿದ್ದರೆ ನಿಮಿಷಕ್ಕೆ 0.030, ಕಂಟ್ರೋಲ್‌ನ 0.002 ಕಳೆದರೆ 0.028, ಅಂದರೆ 28 ಯೂನಿಟ್. ಇದು 0.1 ಮಿ.ಲೀ.ನಲ್ಲಿದ್ದುದರಿಂದ ತೆಳು ದ್ರಾವಣದ ಪ್ರತಿ ಮಿ.ಲೀ.ಗೆ 280, 500ರಿಂದ ಗುಣಿಸಿದರೆ ಮೂಲ ಬಿಳಿಭಾಗದ ಪ್ರತಿ ಮಿ.ಲೀ.ಗೆ 1,40,000 ಯೂನಿಟ್. ಇಳಿಕೆ ತೀರಾ ವೇಗವಾಗಿದ್ದರೆ ದ್ರಾವಣವನ್ನು ಇನ್ನೂ ತೆಳುಗೊಳಿಸಿ ಮತ್ತೆ ಅಳೆಯಿರಿ.

ಇದೇ ಪ್ರಯೋಗವನ್ನು ಬೇರೆ ಬ್ಯಾಕ್ಟೀರಿಯಾಗಳ ಮೇಲೆ ಮಾಡಲು ಹೊರಟರೆ ಕದಡು ತಿಳಿಯಾಗದೆ ಉಳಿಯಬಹುದು. ಅದಕ್ಕೆ ಕಿಣ್ವ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಇ. ಕೋಲೈನಂತಹ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಭಿತ್ತಿಗೆ ಹೊರಪೊರೆಯ ಮರೆಯಿರುವುದರಿಂದ, ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕವನ್ನು ಸೇರಿಸಿ ಆ ಪೊರೆಯನ್ನು ಸಡಿಲಗೊಳಿಸಿದ ಮೇಲಷ್ಟೇ ಲೈಸೊಜೈಮ್ ಒಳಹೊಗುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ತನ್ನ ಮ್ಯುರಾಮಿಕ್ ಆಮ್ಲಕ್ಕೆ ಅಸಿಟೈಲ್ ಗುಂಪನ್ನು ಜೋಡಿಸಿಕೊಂಡು ಲೈಸೊಜೈಮ್‌ಗೆ ಎಟುಕದಂತೆ ಇರುತ್ತದೆ. ಅದರ ಡಿಎನ್‌ಎ ತೆಗೆಯಬೇಕಾದವರು, ಭಿತ್ತಿಯ ಎಳೆಗಳನ್ನು ಅಡ್ಡಡ್ಡಲಾಗಿ ಬೆಸೆಯುವ ಐದು ಗ್ಲೈಸಿನ್‌ಗಳ ಸೇತುವೆಯನ್ನೇ ಕತ್ತರಿಸುವ ಲೈಸೊಸ್ಟಾಫಿನ್ ಎಂಬ ಬೇರೊಂದು ಕಿಣ್ವವನ್ನು ತರಿಸಿಕೊಳ್ಳಬೇಕು.