ಟ್ರ್ಯಾಕ್ಟರಿನ ಲೋಡರಿಗೆ ಗ್ರ್ಯಾಪಲ್ ಆರಿಸುವ ಬಗೆ: ಮಲೆನಾಡಿನ ತೋಟಿಗರಿಗೆ ಒಂದು ಮಾರ್ಗದರ್ಶಿ

ಗಾಳಿಗೆ ಬಿದ್ದ ಮರದ ದಿಮ್ಮಿ, ಕಿತ್ತ ಬೊಡ್ಡೆ, ಸವರಿ ಹಾಕಿದ ಮುಳ್ಳುಕಂಟಿ, ರಾಶಿ ಬೀಳುವ ಅಡಿಕೆ ಸೋಗೆ ಮುಂತಾದವು ಟ್ರ್ಯಾಕ್ಟರಿನ ಮುಂಬದಿಯ ಲೋಡರ್ ಬಕೆಟ್ಟಿನಲ್ಲಿ ನಿಲ್ಲುವಂಥವಲ್ಲ. ಒಂದು ಬದಿ ಎತ್ತಿದರೆ ಇನ್ನೊಂದು ಬದಿ ಜಾರುತ್ತದೆ, ಎತ್ತಿದ್ದು ದಾರಿಯಲ್ಲಿ ಉರುಳುತ್ತದೆ. ಕೆಳಗೆ ಚಾಚಿದ ಉಕ್ಕಿನ ಹಲ್ಲುಗಳು, ಮೇಲಿನಿಂದ ಹೈಡ್ರಾಲಿಕ್ ಸಿಲಿಂಡರಿನ ಬಲದಿಂದ ಮುಚ್ಚಿಕೊಳ್ಳುವ ದವಡೆ, ಇವೆರಡರ ನಡುವೆ ವಸ್ತುವನ್ನು ಅದುಮಿ ಹಿಡಿಯುವ ಸಲಕರಣೆಯೇ ಗ್ರ್ಯಾಪಲ್. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನಾಟ ಹೊರುವ ಆಳುಗಳು ಸಿಗುವುದು ದುರ್ಲಭವಾಗಿರುವ ಈ ದಿನಗಳಲ್ಲಿ ಇದರ ಉಪಯೋಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಮತಟ್ಟಾದ ಬಯಲುಸೀಮೆಯ ಹೊಲಕ್ಕೆ ಒಪ್ಪುವ ಗ್ರ್ಯಾಪಲ್ ನಮ್ಮ ಇಳಿಜಾರಿನ ಬೇಣಕ್ಕೂ (ತೋಟದ ಮೇಲಿನ ಹುಲ್ಲುಗಾವಲಿಗೂ) ಒಪ್ಪುತ್ತದೆ ಎಂದು ತಿಳಿಯುವುದು ಅಪಾಯಕರ. ನಮ್ಮ ನೆಲದಲ್ಲಿ ದೊಡ್ಡ ಗ್ರ್ಯಾಪಲ್‌ಗಿಂತ ಹಗುರವಾದ, ಅಗಲ ಕಡಿಮೆಯಿರುವ ಗ್ರ್ಯಾಪಲ್ಲೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸಿದ್ದೇನೆ.

ಮೊದಲು ನೋಡಬೇಕಾದದ್ದು ಗ್ರ್ಯಾಪಲ್ಲನ್ನಲ್ಲ, ನಿಮ್ಮಲ್ಲಿ ಈಗಾಗಲೇ ಇರುವ ಲೋಡರನ್ನು. ಲೋಡರಿನ ಕೈಪಿಡಿಯಲ್ಲಿ ಎತ್ತುವ ಸಾಮರ್ಥ್ಯ ಎಂದು ಕೊಟ್ಟಿರುವ ಅಂಕಿ ಹೆಚ್ಚಾಗಿ ತೋಳಿನ ತುದಿಯ ಪಿನ್ನಿನ ಮೇಲೆ ಅಳೆದದ್ದು. ಹಿಡಿದ ದಿಮ್ಮಿಯಾದರೋ ಆ ಪಿನ್ನಿನಿಂದ ಅರ್ಧ ಮೀಟರಿಗೂ ಮುಂದೆ ಇರುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ನೀಡಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಉದಾಹರಣೆಗೆ, ಪಿನ್ನಿನ ಮೇಲೆ 700 ಕಿಲೋ ಎತ್ತಬಲ್ಲ ಒಂದು ಲೋಡರನ್ನು ತೆಗೆದುಕೊಳ್ಳೋಣ. ತೋಳಿನ ಬುಡದಿಂದ ಪಿನ್ನಿನವರೆಗೆ 2 ಮೀಟರ್, ಪಿನ್ನಿನಿಂದ ದಿಮ್ಮಿಯ ನಡುವಿಗೆ 60 ಸೆಂಟಿಮೀಟರ್ ದೂರವಿದ್ದರೆ, ಆ 700 ಕಿಲೋ ಸುಮಾರು 540ಕ್ಕೆ ಇಳಿಯುತ್ತದೆ. ಇದರಲ್ಲಿ ಗ್ರ್ಯಾಪಲ್ಲಿನದೇ ತೂಕ 220 ಕಿಲೋ, ಅದನ್ನು ಸಿಕ್ಕಿಸುವ ಚೌಕಟ್ಟು 50 ಕಿಲೋ ಎಂದು ಕಳೆದರೆ ನಾಟಕ್ಕೆ ಉಳಿಯುವುದು 270 ಕಿಲೋ ಮಾತ್ರ. ಇದು ಒರಟು ಲೆಕ್ಕವಾದರೂ ಕೊಳ್ಳುವ ಮೊದಲು ಪ್ರತಿಯೊಬ್ಬರೂ ಕಾಗದದ ಮೇಲೆ ಮಾಡಿ ನೋಡಲೇಬೇಕಾದ ಲೆಕ್ಕ.

ಇನ್ನು ಎತ್ತಬೇಕಾದ ವಸ್ತುವಿನ ತೂಕ. ಹಸಿ ಮರವನ್ನು ಒಂದು ಘನ ಮೀಟರಿಗೆ 1000 ಕಿಲೋ, ಅಂದರೆ ನೀರಿನಷ್ಟೇ ತೂಕ ಎಂದು ಹಿಡಿದರೆ ಅಂದಾಜು ಹೆಚ್ಚು ತಪ್ಪುವುದಿಲ್ಲ. 3 ಮೀಟರ್ ಉದ್ದ, 30 ಸೆಂಟಿಮೀಟರ್ ದಪ್ಪದ ಅಕೇಶಿಯಾ ದಿಮ್ಮಿ ಈ ಲೆಕ್ಕದಲ್ಲಿ 210 ಕಿಲೋ ಆಗುತ್ತದೆ. ಅದೇ ಉದ್ದಕ್ಕೆ ದಪ್ಪ 40 ಸೆಂಟಿಮೀಟರ್ ಆದರೆ 375 ಕಿಲೋ, 50 ಆದರೆ 590 ಕಿಲೋ. ದಪ್ಪ ಸ್ವಲ್ಪವೇ ಹೆಚ್ಚಿದರೂ ತೂಕ ಅದರ ವರ್ಗದಂತೆ ಏರುವುದರಿಂದ ಕಣ್ಣಂದಾಜನ್ನು ನಂಬಬಾರದು. ಮೇಲಿನ ಲೋಡರು ಮೊದಲನೆಯ ದಿಮ್ಮಿಯನ್ನು ಎತ್ತುತ್ತದೆ. ಎರಡನೆಯದನ್ನು ತುಂಡು ಮಾಡಿಯೇ ಎತ್ತಬೇಕು. ಅದೇ ಲೋಡರಿಗೆ 220 ಕಿಲೋದ ಬದಲು 140 ಕಿಲೋದ ಗ್ರ್ಯಾಪಲ್ ಹಾಕಿದರೆ ಪ್ರತಿ ಸಲವೂ 80 ಕಿಲೋ ಹೆಚ್ಚು ನಾಟ ಬರುತ್ತದೆ. ಭಾರವಾದ ಗ್ರ್ಯಾಪಲ್ ಗಟ್ಟಿಮುಟ್ಟಾಗಿರುತ್ತದೆ ಎಂಬ ಮಾತಿಗೆ ಮಾರುಹೋಗುವವರು ಈ 80 ಕಿಲೋವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಗ್ರ್ಯಾಪಲ್‌ನ ಬಗೆಯನ್ನು ನಿಮ್ಮ ಕೆಲಸವೇ ನಿರ್ಧರಿಸುತ್ತದೆ. ಬೇಣದ ಲಂಟಾನ, ಯುಪಟೋರಿಯಂ, ಕಿತ್ತ ಬೇರು, ಬೊಡ್ಡೆಗಳನ್ನು ಒಟ್ಟುಮಾಡಿ ಸಾಗಿಸುವವರಿಗೆ ಉದ್ದ ಹಲ್ಲಿನ, ನಡುವೆ ಅಂತರವಿರುವ ರೂಟ್ ಗ್ರ್ಯಾಪಲ್ ಸರಿ. ಹಲ್ಲುಗಳ ನಡುವೆ ಒಂದು ಗೇಣಿನಷ್ಟು ಜಾಗವಿದ್ದರೆ ಬೇರಿಗೆ ಅಂಟಿದ ಕೆಂಪು ಮಣ್ಣು ಅಲ್ಲೇ ಉದುರುತ್ತದೆ, ಕಸದೊಂದಿಗೆ ಮೇಲ್ಮಣ್ಣು ಸಾಗಿಹೋಗುವುದಿಲ್ಲ. ಬರೀ ದಿಮ್ಮಿ ಸಾಗಿಸುವವರಿಗೆ ಹಲ್ಲು ಕಡಿಮೆಯಿರುವ, ಬಾಗಿದ ದವಡೆಯ ಲಾಗ್ ಗ್ರ್ಯಾಪಲ್ ಇದೆ. ಇದು ಹಗುರ, ಆದರೆ ಕಂಟಿಯನ್ನು ಹಿಡಿಯಲಾರದು. ಕೊಟ್ಟಿಗೆ ಗೊಬ್ಬರ, ದರಕು (ಒಣ ಎಲೆ), ಅಡಿಕೆ ಸಿಪ್ಪೆಗಳೇ ಮುಖ್ಯವಾಗಿದ್ದರೆ ಇವೆರಡೂ ಬೇಡ. ಅಂತರದ ಹಲ್ಲುಗಳಿಂದ ಅರ್ಧ ಸರಕು ದಾರಿಯಲ್ಲೇ ಸೋರಿಹೋಗುತ್ತದೆ. ಅಂಥವರು ಇರುವ ಬಕೆಟ್ಟಿನ ಮೇಲೆಯೇ ದವಡೆ ಕೂರಿಸಿದ ಬಕೆಟ್ ಗ್ರ್ಯಾಪಲ್ ನೋಡುವುದು ಒಳ್ಳೆಯದು. ತೋಟಕ್ಕೆ ಗೊಬ್ಬರ ಹೊರಿಸುವ ಖರ್ಚೇ ದೊಡ್ಡದಾಗಿರುವ ಮನೆಗಳಿಗೆ ಮೂರರಲ್ಲಿ ಇದೇ ಮೇಲು ಎಂದು ನಾನು ಹೇಳುತ್ತೇನೆ. ಕಾರವಾರ, ಅಂಕೋಲೆಯ ಕರಾವಳಿಯಲ್ಲಿ ಗಾಳಿಮರದ ನೆಡುತೋಪು ಇರುವವರಿಗೆ ತೆಳ್ಳಗಿನ ಉದ್ದ ಕಾಂಡಗಳನ್ನು ಕಟ್ಟಿನಂತೆ ಅಪ್ಪಿ ಹಿಡಿಯಬೇಕಾಗುವುದರಿಂದ, ದವಡೆ ಪೂರ್ತಿ ಮುಚ್ಚಿಕೊಂಡಾಗ ಒಳಗೆ ಉಳಿಯುವ ಜಾಗ ಎಷ್ಟೆಂದು ಅಳೆದು ನೋಡಬೇಕು. ಅದು ದೊಡ್ಡದಿದ್ದರೆ ಎರಡು ಮೂರು ಸಣ್ಣ ಕಾಂಡಗಳು ಹಿಡಿತಕ್ಕೆ ಸಿಗದೆ ಜಾರುತ್ತವೆ.

ದವಡೆ ಒಂದೋ ಎರಡೋ ಎಂಬುದು ಮುಂದಿನ ಪ್ರಶ್ನೆ. ಎರಡು ದವಡೆಗಳಿದ್ದು ಅವುಗಳಿಗೆ ಬೇರೆಬೇರೆ ಸಿಲಿಂಡರ್ ಇದ್ದರೆ, ಒಂದು ಬದಿ ದಪ್ಪ ಇನ್ನೊಂದು ಬದಿ ತೆಳುವಾಗಿರುವ ಬೊಡ್ಡೆಯನ್ನೂ ಎರಡೂ ಕಡೆ ಬಿಗಿಯಾಗಿ ಹಿಡಿಯುತ್ತದೆ. ಒಂದೇ ದವಡೆಯದು ಹಗುರ, ಬೆಲೆಯೂ ಕಡಿಮೆ, ಹದಗೆಡುವ ಭಾಗಗಳೂ ಕಡಿಮೆ. ಒಂದೂಕಾಲು ಮೀಟರಿನೊಳಗಿನ ಅಗಲಕ್ಕೆ ಒಂದು ದವಡೆ ಸಾಕು. ಅಗಲದ ವಿಷಯದಲ್ಲಿ ಸಾಮಾನ್ಯ ನಿಯಮವೆಂದರೆ ಟ್ರ್ಯಾಕ್ಟರಿನ ಚಕ್ರಗಳ ಹೊರ ಅಂಚಿನಷ್ಟು ಇರಬೇಕೆಂಬುದು. ನೆಲ ಸವರಿಕೊಂಡು ಹೋಗುವಾಗ ಚಕ್ರಕ್ಕೆ ಬೊಡ್ಡೆ ತಾಗದಿರಲು ಈ ನಿಯಮ. ತೋಟದ ದಾರಿಯಲ್ಲಿ ಎರಡೂ ಬದಿಗೆ ಅಡಿಕೆ ಮರ, ಒಂದು ಬದಿಗೆ ಅಗಳವಿರುವಲ್ಲಿ ಈ ನಿಯಮವನ್ನು ಬಿಟ್ಟು ಕಡಿಮೆ ಅಗಲವನ್ನೇ ಆರಿಸಿಕೊಳ್ಳಬೇಕು. ತಿರುವಿನಲ್ಲಿ ಮೊದಲು ಮರಕ್ಕೆ ತಾಗುವುದು ಗ್ರ್ಯಾಪಲ್ಲಿನ ಮೂಲೆಯೇ, ಮತ್ತು ಅಡಿಕೆ ಮರದ ಕಾಂಡಕ್ಕೆ ಒಮ್ಮೆ ಬಿದ್ದ ಗಾಯ ಮಾಯುವುದಿಲ್ಲ.

ಹೈಡ್ರಾಲಿಕ್ ವ್ಯವಸ್ಥೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಕೊಂಡ ಮೇಲೆ ತೊಂದರೆ ಕಾಣುವುದು ಇಲ್ಲಿಯೇ. ಲೋಡರಿಗೆ ಎರಡು ಚಲನೆಗಳು ಸಹಜವಾಗಿ ಇರುತ್ತವೆ: ತೋಳು ಏರಿಳಿಸುವುದು, ಬಕೆಟ್ ಮಗುಚುವುದು. ದವಡೆ ತೆರೆದು ಮುಚ್ಚಲು ಮೂರನೆಯ ಎಣ್ಣೆದಾರಿ ಬೇಕು. ಇದನ್ನು ಮೂರು ರೀತಿಯಲ್ಲಿ ಒದಗಿಸಬಹುದು. ಪ್ರತ್ಯೇಕ ಮೂರನೆಯ ವಾಲ್ವ್ ಕೂರಿಸಿ, ಲೋಡರ್ ಲಿವರಿನ ಮೇಲೆಯೇ ಅದರ ಗುಂಡಿ ಇಡುವುದು ಉತ್ತಮ. ಎತ್ತುತ್ತಲೇ ಹಿಡಿತ ಬಿಗಿ ಮಾಡಬಹುದು. ಡೈವರ್ಟರ್ ವಾಲ್ವ್ ಹಾಕಿದರೆ ಖರ್ಚು ಕಡಿಮೆ, ಆದರೆ ಬಕೆಟ್ ಮಗುಚುವ ಎಣ್ಣೆಯನ್ನೇ ಅದು ದವಡೆಗೆ ತಿರುಗಿಸುವುದರಿಂದ ಎರಡನ್ನೂ ಏಕಕಾಲಕ್ಕೆ ಮಾಡಲಾಗದು. ಮೂರನೆಯದು, ಟ್ರ್ಯಾಕ್ಟರಿನ ಹಿಂಬದಿಯ ಕಪ್ಲಿಂಗಿನಿಂದ ಉದ್ದದ ಪೈಪನ್ನು ಮುಂದಕ್ಕೆ ಎಳೆದು ತರುವುದು. ಇದು ಎಲ್ಲಕ್ಕಿಂತ ಅಗ್ಗ. ಆದರೆ ಲಿವರ್ ಬೇರೆ ಕಡೆ ಇರುವುದರಿಂದ ಇಳಿಜಾರಿನಲ್ಲಿ ಸ್ಟೀರಿಂಗ್ ಬಿಟ್ಟು ಕೈ ಚಾಚಬೇಕಾಗುತ್ತದೆ. ನಮ್ಮ ಗುಡ್ಡಗಳಲ್ಲಿ ಕೆಲಸ ಮಾಡುವವರಿಗೆ ಈ ಮೂರನೆಯ ದಾರಿಯನ್ನು ನಾನು ಸೂಚಿಸಲಾರೆ.

ಹಿಡಿತದ ಬಲವನ್ನು ಸಿಲಿಂಡರಿನ ಒಳವ್ಯಾಸ ಮತ್ತು ಎಣ್ಣೆಯ ಒತ್ತಡದಿಂದ ಲೆಕ್ಕ ಹಾಕಬಹುದು. 50 ಮಿಲಿಮೀಟರ್ ಒಳವ್ಯಾಸದ ಸಿಲಿಂಡರ್ 150 ಬಾರ್ ಒತ್ತಡದಲ್ಲಿ ಸುಮಾರು 3 ಟನ್ ಬಲದಿಂದ ತಳ್ಳುತ್ತದೆ. ದವಡೆಯ ತುದಿಯಲ್ಲಿ ದೊರೆಯುವುದು ಅದರ ಒಂದು ಪಾಲು ಮಾತ್ರ. ಆದರೂ ದಿಮ್ಮಿಯನ್ನು ಹಿಡಿದಿಡಲು ಅಷ್ಟು ಧಾರಾಳವಾಗಿ ಸಾಕು. ಸಿಲಿಂಡರ್ ಚಾಚುವಾಗ ದವಡೆ ಮುಚ್ಚುವಂತೆ ಜೋಡಿಸಿದ್ದಾರೆಯೇ ಎಂದು ನೋಡಿ. ಒಳಸರಿಯುವಾಗ ರಾಡ್ ಜಾಗ ತಿನ್ನುವುದರಿಂದ ಬಲ ಕಡಿಮೆ. ವೇಗದ ಮಟ್ಟಿಗೆ, 20 ಸೆಂಟಿಮೀಟರ್ ಚಾಚುವ ಅಂಥ ಎರಡು ಸಿಲಿಂಡರ್‌ಗಳಿಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಬೇಕು. ಪಂಪು ನಿಮಿಷಕ್ಕೆ 30 ಲೀಟರ್ ಕೊಟ್ಟರೆ ಎರಡು ಸೆಕೆಂಡಿನೊಳಗೆ ದವಡೆ ಮುಚ್ಚುತ್ತದೆ. ಹೀಗಾಗಿ ಹೆಚ್ಚು ಅಶ್ವಶಕ್ತಿಯ ಟ್ರ್ಯಾಕ್ಟರ್ ಇಲ್ಲದಿದ್ದರೆ ಗ್ರ್ಯಾಪಲ್ ನಡೆಯುವುದಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ. ಮಿತಿ ಇರುವುದು ಎತ್ತುವುದರಲ್ಲಿಯೇ ಹೊರತು ಹಿಡಿಯುವುದರಲ್ಲಿ ಅಲ್ಲ. ಪೈಪ್ ಒಡೆದರೂ ದವಡೆ ಸಡಿಲವಾಗದಂತೆ ಸಿಲಿಂಡರಿನ ಬಾಯಿಯಲ್ಲೇ ಲಾಕ್ ವಾಲ್ವ್ ಇದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ತಪ್ಪಿಲ್ಲ.

ಪೈಪುಗಳು ಎಲ್ಲಿ ಹಾದುಹೋಗಿವೆ ಎಂಬುದನ್ನು ಬಗ್ಗಿ ನೋಡಬೇಕು. ಕಂಟಿಯೊಳಗೆ ನುಗ್ಗುವಾಗ ಒಂದು ಮೋಟು ಕೊಂಬೆ ಸಾಕು, ಹೊರಗೆ ಜೋತ ಪೈಪನ್ನು ಕಿತ್ತುಹಾಕಲು. ಸಿಲಿಂಡರಿನ ಮೇಲೆ ತಗಡಿನ ಕವಚ, ಪೈಪಿಗೆ ಚೌಕಟ್ಟಿನ ಒಳಗಿನ ದಾರಿ ಇರುವುದನ್ನೇ ಕೇಳಿ ಪಡೆಯಿರಿ. ಉಕ್ಕಿನ ಬಗ್ಗೆ ವಿಚಾರಿಸುವಾಗ ದಪ್ಪ ಎಷ್ಟೆಂದು ಮಾತ್ರ ಕೇಳದೆ ದರ್ಜೆಯನ್ನೂ ಕೇಳಬೇಕು. ಐ.ಎಸ್. 2062 ಎಂಬ ಭಾರತೀಯ ಮಾನಕದ ಇ 250 ದರ್ಜೆಯ ಉಕ್ಕಿಗಿಂತ ಇ 350 ದರ್ಜೆಯ ಉಕ್ಕಿಗೆ ಬಾಗದೆ ತಾಳಿಕೊಳ್ಳುವ ಬಲ ಹೆಚ್ಚು, ಆದ್ದರಿಂದ ತೆಳುವಾದ ತಗಡಿನಲ್ಲೇ ಹಗುರವಾದ ಗ್ರ್ಯಾಪಲ್ ಮಾಡಲು ಬರುತ್ತದೆ. ಪ್ರತಿ ಪಿನ್ನಿಗೂ ಬದಲಾಯಿಸಬಹುದಾದ ಬುಷ್ ಮತ್ತು ಗ್ರೀಸ್ ನಿಪ್ಪಲ್ ಇರಬೇಕು.

ಲೋಡರಿಗೆ ಸಿಕ್ಕಿಸುವ ಭಾಗ ಹೊಂದದಿದ್ದರೆ ಉಳಿದದ್ದೆಲ್ಲ ವ್ಯರ್ಥ. ನಮ್ಮಲ್ಲಿ ಮಾರಾಟವಾಗುವ ಹಲವು ಲೋಡರುಗಳಿಗೆ ಬಕೆಟ್ ನೇರವಾಗಿ ಪಿನ್ನಿನಿಂದಲೇ ಜೋಡಣೆಯಾಗಿರುತ್ತದೆ, ಮತ್ತು ಒಂದು ತಯಾರಿಕೆಯ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಪಿನ್ನಿನ ದಪ್ಪ, ಎರಡು ತೋಳುಗಳ ನಡುವಿನ ಅಂತರ, ಮೇಲಿನ ಮತ್ತು ಕೆಳಗಿನ ಪಿನ್ನುಗಳ ನಡುವಿನ ದೂರ, ಪಿನ್ ಕೂರುವ ಕಿವಿಯ ಅಗಲ, ಈ ನಾಲ್ಕನ್ನೂ ಅಳೆದು ಬರೆದುಕೊಂಡು ಹೋಗಬೇಕು.

ಈಗ ನಮ್ಮ ನೆಲದ ಮಾತು. ಸಾಮಾನ್ಯ ಟ್ರ್ಯಾಕ್ಟರಿನ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ. ಮುಂದೆ ಭಾರ ಎತ್ತಿ ಇಳಿಜಾರಿನಲ್ಲಿ ಇಳಿಯುವಾಗ ಹಿಂದಿನ ಚಕ್ರಗಳ ಮೇಲಿನ ಭಾರ ಕಳೆದು, ಬ್ರೇಕ್ ಒತ್ತಿದರೂ ಚಕ್ರ ನಿಂತು ಟ್ರ್ಯಾಕ್ಟರ್ ಜಾರುತ್ತದೆ. ಮಳೆ ಬಿದ್ದ ಕೆಂಪು ಮಣ್ಣಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಇದಕ್ಕೆ ಪರಿಹಾರ ಹಿಂಬದಿಯ ತೂಕ. 60 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ದಿಂಡು ಸುಮಾರು 500 ಕಿಲೋ ತೂಗುತ್ತದೆ. ಅದರಲ್ಲಿ ಕೊಕ್ಕೆಗಳನ್ನು ಹೂತು ಹಿಂಬದಿಯ ಲಿಂಕೇಜಿಗೆ ತಗುಲಿಸುವುದು ಊರಿನಲ್ಲೇ ಮಾಡಬಹುದಾದ ಕೆಲಸ. ಎಷ್ಟು ತೂಕ ಬೇಕೆಂಬುದನ್ನು ಲೋಡರಿನ ಕೈಪಿಡಿಯೇ ಹೇಳುತ್ತದೆ. ನಾಲ್ಕು ಚಕ್ರಕ್ಕೂ ಎಳೆತವಿರುವ ಟ್ರ್ಯಾಕ್ಟರಿದ್ದರೆ ಇಳಿಯುವಾಗ ಅದನ್ನು ಹಾಕಿಕೊಂಡೇ ಇಳಿಯಬೇಕು, ಆಗ ಮುಂದಿನ ಚಕ್ರಗಳೂ ತಡೆಯುತ್ತವೆ. ಎರಡು ಚಕ್ರದ ಎಳೆತದ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಇಂಥ ಭಾರಕ್ಕೆಂದು ಮಾಡಿದ್ದಲ್ಲ. ಕಡಿದಾದ ಜಾಗದಲ್ಲಿ ಅಂಥ ಟ್ರ್ಯಾಕ್ಟರಿಗೆ ಗ್ರ್ಯಾಪಲ್ ಹಾಕುವುದೇ ಬೇಡ. ಅದರ ಬದಲು ಹಿಂಬದಿಯ ಲಿಂಕೇಜಿಗೆ ತಗುಲಿಸಿ ದಿಮ್ಮಿಯ ಒಂದು ತುದಿಯನ್ನು ಎತ್ತಿ ಎಳೆಯುವ ಇಕ್ಕಳವೋ, ಮೇಲೆ ನಿಂತು ದಿಮ್ಮಿಯನ್ನು ಹಗ್ಗದಿಂದ ಮೇಲಕ್ಕೆ ಎಳೆದುಕೊಳ್ಳುವ ವಿಂಚೋ ಸುರಕ್ಷಿತ ಮತ್ತು ಅಗ್ಗ.

ಭಾರ ಹಿಡಿದು ಸಾಗುವಾಗ ಗ್ರ್ಯಾಪಲ್ ಮೊಣಕಾಲಿಗಿಂತ ಮೇಲಿರಬಾರದು. ಇಳಿಜಾರಿಗೆ ಅಡ್ಡವಾಗಿ ಎಂದೂ ಹೋಗಬಾರದು. ತೋಟದ ಮೇಲೆ ಹಾದುಹೋದ ಹೆಸ್ಕಾಂ ವಿದ್ಯುತ್ ತಂತಿಗಳು ಎಷ್ಟೋ ಕಡೆ ಜೋತು ಬಿದ್ದಿರುತ್ತವೆ. ತೋಳು ಪೂರ್ತಿ ಎತ್ತಿದಾಗ ದವಡೆಯ ತುದಿ ಎಷ್ಟು ಎತ್ತರಕ್ಕೆ ತಲುಪುತ್ತದೆ ಎಂಬುದನ್ನು ಕೊಳ್ಳುವಾಗಲೇ ಅಳೆದಿಟ್ಟುಕೊಳ್ಳಿ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಅರಣ್ಯದಲ್ಲಿ) ಬಿದ್ದ ಮರವನ್ನು ಎತ್ತುವ ಅನುಕೂಲ ಕೈಗೆ ಬಂದ ಮಾತ್ರಕ್ಕೆ ಅದನ್ನು ಸಾಗಿಸುವ ಹಕ್ಕು ಬರುವುದಿಲ್ಲ. ಸ್ವಂತ ಜಮೀನಿನ ಮರಗಳಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುವುದರಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲು ವಿಚಾರಿಸಬೇಕು.

ಹಣ ಕೊಡುವ ಮುನ್ನ ನಿಮ್ಮದೇ ಟ್ರ್ಯಾಕ್ಟರಿಗೆ ಜೋಡಿಸಿ, ನಿಮ್ಮಲ್ಲಿರುವ ಅತಿ ದಪ್ಪದ ದಿಮ್ಮಿಯನ್ನಲ್ಲ, ದಿನವೂ ಎತ್ತಬೇಕಾದ ದಿಮ್ಮಿಯನ್ನು ಎತ್ತಿಸಿ ನೋಡಿ. ಎತ್ತಿದ ದಿಮ್ಮಿಯನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದು ಹತ್ತು ನಿಮಿಷ ಹಾಗೆಯೇ ಇರಿಸಿ. ದವಡೆ ಸಡಿಲಾದರೆ ಸಿಲಿಂಡರಿನಲ್ಲೋ ವಾಲ್ವಿನಲ್ಲೋ ಸೋರಿಕೆ ಇದೆ ಎಂದರ್ಥ. ಗ್ರ್ಯಾಪಲ್ಲಿನ ತೂಕವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಸಾಧ್ಯವಾದರೆ ವೇಬ್ರಿಜ್ಜಿನಲ್ಲಿ ತೂಗಿಸಿ. ಮಳೆಗಾಲಕ್ಕೆ ಒಳಗಿಡುವಾಗ ಸಿಲಿಂಡರಿನ ರಾಡ್ ಪೂರ್ತಿ ಒಳಸೇರಿದ ಸ್ಥಿತಿಯಲ್ಲಿ ನಿಲ್ಲಿಸಿ, ಹೊರಗುಳಿದ ಭಾಗಕ್ಕೆ ಗ್ರೀಸ್ ಬಳಿಯಿರಿ. ಕರಾವಳಿಯ ಉಪ್ಪುಗಾಳಿಯಲ್ಲಿ ರಾಡಿನ ಕ್ರೋಮ್ ಲೇಪ ಒಂದೇ ಮಳೆಗಾಲದಲ್ಲಿ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯಬಹುದು. ಆ ಚುಕ್ಕೆಗಳೇ ಮುಂದಿನ ಹಂಗಾಮಿನಲ್ಲಿ ಸೀಲ್ ಹರಿದು ಎಣ್ಣೆ ಸೋರುವಂತೆ ಮಾಡುತ್ತವೆ.